ದಾವಣಗೆರೆಯ ಪ್ರೌಢಶಾಲೆಯಲ್ಲಿ ಸ್ಪ್ಯಾನಿಷ್: ಬಂದ ದಾರಿ, ನಿಂತ ಜಾಗ

ಶಾಲಾ ದಾಖಲಾತಿಯ ದಿನಗಳಲ್ಲಿ ದಾವಣಗೆರೆಯ ಪಾಲಕರ ನಡುವೆ ಈಚೆಗೆ ಒಂದು ಹೊಸ ಪ್ರಶ್ನೆ ಸುಳಿದಾಡುತ್ತಿದೆ. ಮಗುವಿಗೆ ಮೂರನೆಯ ಭಾಷೆಯಾಗಿ ಹಿಂದಿ ಕೊಡಿಸಬೇಕೋ, ಸಂಸ್ಕೃತ ಕೊಡಿಸಬೇಕೋ, ಅಥವಾ ಶಾಲೆಯವರು ಹೇಳಿದಂತೆ ಸ್ಪ್ಯಾನಿಷ್‌ನಂತಹ ವಿದೇಶಿ ಭಾಷೆಗೆ ಒಪ್ಪಬೇಕೋ ಎಂಬುದು ಆ ಪ್ರಶ್ನೆ. ಮೇಲ್ನೋಟಕ್ಕೆ ಇದು ಒಂದು ಮನೆಯ ಆಯ್ಕೆಯಂತೆ ಕಂಡರೂ ಇದರ ಹಿಂದೆ ಅರವತ್ತಕ್ಕೂ ಹೆಚ್ಚು ವರ್ಷಗಳ ಭಾಷಾನೀತಿ, ಎರಡು ಮೂರು ನ್ಯಾಯಾಲಯದ ತೀರ್ಪುಗಳು, ಒಂದರ ಮೇಲೊಂದು ಬಂದ ಶಿಕ್ಷಣ ನೀತಿಗಳು ಇವೆ. ಇವುಗಳಲ್ಲಿ ಯಾವುದು ಈಗ ಜಾರಿಯಲ್ಲಿದೆ, ಯಾವುದು ಕಾಗದದಲ್ಲಷ್ಟೇ ಉಳಿದಿದೆ ಎಂಬುದು ಓದಿದವರಿಗೂ ಸುಲಭವಾಗಿ ತಿಳಿಯುವುದಿಲ್ಲ.

ತ್ರಿಭಾಷಾ ಸೂತ್ರದ ಮಾತು 1956ರಲ್ಲಿ ಕೇಂದ್ರ ಶಿಕ್ಷಣ ಸಲಹಾ ಮಂಡಳಿಯಲ್ಲಿ ಹುಟ್ಟಿ, 1961ರ ಮುಖ್ಯಮಂತ್ರಿಗಳ ಸಮ್ಮೇಳನದಲ್ಲಿ ಒಪ್ಪಿಗೆ ಪಡೆದು, 1968ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಅಚ್ಚಾಯಿತು. ಕರ್ನಾಟಕದ ಮಟ್ಟಿಗೆ ಅದು ಕಾವೇರಿದ್ದು ಪ್ರೌಢಶಾಲೆಯ ಮೊದಲನೆಯ ಭಾಷೆ ಯಾವುದೆಂಬ ಪ್ರಶ್ನೆಯಲ್ಲಿ. 1980ರಲ್ಲಿ ರಚನೆಯಾದ ವಿ.ಕೃ. ಗೋಕಾಕರ ಸಮಿತಿ 1981ರಲ್ಲಿ ವರದಿ ಕೊಟ್ಟಿತು, 1982ರಲ್ಲಿ ಡಾ. ರಾಜ್‌ಕುಮಾರ್ ಅವರ ಮುಂದಾಳತ್ವದಲ್ಲಿ ಚಳವಳಿ ನಾಡಿನ ಉದ್ದಗಲಕ್ಕೂ ಹಬ್ಬಿತು. ಆ ಬಳಿಕ ವಿವಾದ ಬೀದಿಯಿಂದ ನ್ಯಾಯಾಲಯಕ್ಕೆ ಹೋಯಿತು. ಶಿಕ್ಷಣ ಮಾಧ್ಯಮದ ಆಯ್ಕೆ ಪಾಲಕರದ್ದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ ತಿಂಗಳಲ್ಲಿ ಹೇಳಿದ ಮೇಲೆ, ರಾಜ್ಯ ಸರ್ಕಾರ 2015ರಲ್ಲಿ ಕನ್ನಡ ಭಾಷಾ ಕಲಿಕಾ ಅಧಿನಿಯಮವನ್ನು ತಂದು, ಯಾವ ಪಠ್ಯಕ್ರಮದ ಶಾಲೆಯೇ ಆಗಲಿ ಕನ್ನಡವನ್ನು ಮೊದಲ ಅಥವಾ ಎರಡನೆಯ ಭಾಷೆಯಾಗಿ ಹಂತ ಹಂತವಾಗಿ ಕಲಿಸಬೇಕೆಂದು ವಿಧಿಸಿತು.

ಇಷ್ಟು ದೀರ್ಘ ಚರಿತ್ರೆಯಲ್ಲಿ ಮೊದಲನೆಯ ಮತ್ತು ಎರಡನೆಯ ಭಾಷೆಯ ಸುತ್ತ ನಡೆದ ಚರ್ಚೆಯ ಹತ್ತರಲ್ಲಿ ಒಂದು ಪಾಲೂ ಮೂರನೆಯ ಭಾಷೆಯ ಬಗ್ಗೆ ನಡೆಯಲಿಲ್ಲ. ರಾಜ್ಯ ಪಠ್ಯಕ್ರಮದ ಎಸ್‌ಎಸ್‌ಎಲ್‌ಸಿಯಲ್ಲಿ ಒಟ್ಟು 625 ಅಂಕಗಳಲ್ಲಿ ಮೊದಲ ಭಾಷೆಗೆ 125, ಎರಡನೆಯದಕ್ಕೆ 100, ಮೂರನೆಯದಕ್ಕೆ 100 ಎಂದು ಹಂಚಿ ಬಂದಿದ್ದೇವೆ. ಆ ಮೂರನೆಯ ನೂರು ಅಂಕಕ್ಕೆ ಹೆಚ್ಚಿನ ಶಾಲೆಗಳಲ್ಲಿ ಹಿಂದಿ ಕುಳಿತಿತು. ಪಟ್ಟಿಯಲ್ಲಿ ಸಂಸ್ಕೃತ, ಉರ್ದು, ಅರೇಬಿಕ್, ಕೊಂಕಣಿ, ತುಳು ಮುಂತಾದವು ಇದ್ದರೂ ಒಂದು ಊರಿನ ಮಗುವಿಗೆ ಯಾವುದು ದೊರೆಯುತ್ತದೆ ಎಂಬುದನ್ನು ಆ ಊರಿಗೆ ಯಾವ ಶಿಕ್ಷಕರ ಹುದ್ದೆ ಮಂಜೂರಾಗಿದೆ ಎಂಬುದೇ ತೀರ್ಮಾನಿಸುತ್ತಿತ್ತು. ಪಿಯುಸಿಯ ಭಾಷಾ ಪಟ್ಟಿಯಲ್ಲಿ ಫ್ರೆಂಚ್ ಬಹಳ ಹಿಂದಿನಿಂದ ಇದೆ, ಸ್ಪ್ಯಾನಿಷ್ ಇಲ್ಲ. ಹೀಗಾಗಿ ಹರಿಹರದ, ಜಗಳೂರಿನ, ಹೊಳಲ್ಕೆರೆಯ ಸರ್ಕಾರಿ ಪ್ರೌಢಶಾಲೆಯ ಮಗುವಿಗೆ ಈ ಭಾಷೆ ಪಠ್ಯವಾಗಿ ಎದುರಾಗುವ ಸಾಧ್ಯತೆಯೇ ಇಲ್ಲ. ದಾವಣಗೆರೆಗೆ ಸ್ಪ್ಯಾನಿಷ್ ಬಂದಿರುವುದು ಶುಲ್ಕ ಕಟ್ಟಿ ಓದಿಸುವ ಶಾಲೆಗಳ ಬಾಗಿಲಿನಿಂದ ಮತ್ತು ಮನೆಯ ಕಂಪ್ಯೂಟರಿನ ಪರದೆಯಿಂದ ಮಾತ್ರ.

ಸಿಬಿಎಸ್‌ಇ ಪಠ್ಯಕ್ರಮದಲ್ಲಿ ಸ್ಪ್ಯಾನಿಷ್‌ಗೆ 096 ಎಂಬ ವಿಷಯ ಸಂಕೇತವಿದೆ. ಫ್ರೆಂಚ್, ಜರ್ಮನ್, ಜಪಾನೀಸ್, ರಷ್ಯನ್‌ಗಳಿಗೂ ಇಂಥ ಸ್ಥಾನವಿದೆ. ಆದರೆ ಬಹುಕಾಲ ಅಲ್ಲಿ ನಡೆದುಬಂದ ಪದ್ಧತಿ ಏನೆಂದರೆ, ಮೂರು ಭಾಷೆಗಳ ಕಲಿಕೆ ಎಂಟನೆಯ ತರಗತಿಗೆ ಮುಗಿದು, ಒಂಬತ್ತು ಮತ್ತು ಹತ್ತನೆಯ ತರಗತಿಗಳಲ್ಲಿ ಎರಡು ಭಾಷೆ ಓದಿದರೆ ಸಾಕಾಗುತ್ತಿತ್ತು. ಆರನೆಯ ತರಗತಿಯಲ್ಲಿ ಅಕ್ಷರ, ಏಳರಲ್ಲಿ ಎಣಿಕೆ ಮತ್ತು ಪರಿಚಯದ ಮಾತು, ಎಂಟರಲ್ಲಿ ವರ್ತಮಾನಕಾಲದ ಕ್ರಿಯಾರೂಪಗಳು ಎಂಬಷ್ಟಕ್ಕೆ ಬಂದು, ನಾಲ್ಕು ವಾಕ್ಯಗಳನ್ನು ತಾನಾಗಿ ಕಟ್ಟುವ ಹೊತ್ತಿಗೆ ಮಗು ಆ ಪುಸ್ತಕವನ್ನು ಅಟ್ಟದ ಮೇಲಿಡಬೇಕಾಗುತ್ತಿತ್ತು. ಬಿತ್ತಿ, ಕಳೆ ಕಿತ್ತು, ತೆನೆ ಕಟ್ಟುವ ಹೊತ್ತಿಗೆ ಹೊಲ ಬಿಟ್ಟು ಬಂದಂತೆ ಇದು.

ಮೂರನೆಯ ಭಾಷೆಯ ಸ್ಥಾನ ಎಷ್ಟು ಅಭದ್ರ ಎಂಬುದಕ್ಕೆ ದೇಶದ ಮಟ್ಟದಲ್ಲಿ ಒಂದು ನಿದರ್ಶನವಿದೆ. ಕೇಂದ್ರೀಯ ವಿದ್ಯಾಲಯಗಳಲ್ಲಿ 2011ರ ಒಪ್ಪಂದದಂತೆ ಜರ್ಮನ್ ಮೂರನೆಯ ಭಾಷೆಯಾಗಿ ಬಂದಿತ್ತು. 2014ರ ನವೆಂಬರಿನಲ್ಲಿ, ಶೈಕ್ಷಣಿಕ ವರ್ಷದ ನಡುವೆಯೇ, ಅದರ ಜಾಗಕ್ಕೆ ಸಂಸ್ಕೃತವನ್ನು ತರಲಾಯಿತು. ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಜರ್ಮನ್ ಸರಿಯೋ ಸಂಸ್ಕೃತ ಸರಿಯೋ ಎಂಬ ಬಗ್ಗೆ ಆಗ ಎಲ್ಲರೂ ಮಾತಾಡಿದರು. ಅರ್ಧ ವರ್ಷ ಒಂದು ಭಾಷೆಯನ್ನು ಓದಿದ ಮಗುವಿನ ನೋಟುಪುಸ್ತಕ ಏನಾಗಬೇಕು ಎಂಬ ಮಾತು ಹಿಂದೆ ಸರಿಯಿತು.

2020ರ ಜುಲೈ 29ರಂದು ಹೊರಬಂದ ರಾಷ್ಟ್ರೀಯ ಶಿಕ್ಷಣ ನೀತಿ ಭಾರತೀಯ ಭಾಷೆಗಳು ಮತ್ತು ಇಂಗ್ಲಿಷಿನ ಜೊತೆಗೆ ಕೊರಿಯನ್, ಜಪಾನೀಸ್, ಥಾಯ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಪೋರ್ಚುಗೀಸ್, ರಷ್ಯನ್ ಭಾಷೆಗಳನ್ನು ಪ್ರೌಢ ಹಂತದಲ್ಲಿ ಕಲಿಸಬಹುದೆಂದು ಹೆಸರಿಸಿತು. ಅದೇ ನೀತಿ ಕಲಿಯುವ ಮೂರು ಭಾಷೆಗಳಲ್ಲಿ ಕನಿಷ್ಠ ಎರಡು ಭಾರತೀಯ ಮೂಲದವು ಆಗಿರಬೇಕೆಂದೂ ಹೇಳಿತು. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ಮಾತನ್ನು ಒಂಬತ್ತು ಮತ್ತು ಹತ್ತನೆಯ ತರಗತಿಗೂ ವಿಸ್ತರಿಸಿತು. ಎರಡನ್ನೂ ಒಟ್ಟಿಗೆ ಓದಿದರೆ ಲೆಕ್ಕ ಹೀಗಾಗುತ್ತದೆ: ಕನ್ನಡ ಒಂದು, ಇನ್ನೊಂದು ಭಾರತೀಯ ಭಾಷೆ ಎರಡು, ಉಳಿದ ಒಂದೇ ಜಾಗದಲ್ಲಿ ಇಂಗ್ಲಿಷ್. ಸ್ಪ್ಯಾನಿಷ್ ಕಲಿಯಬೇಕಾದರೆ ಅದು ನಾಲ್ಕನೆಯದಾಗಬೇಕು. ಪಂಕ್ತಿಗೆ ಕರೆದು ಎಲೆ ಹಾಕದ ಸ್ಥಿತಿ ಇದು. ಇತ್ತ ಕರ್ನಾಟಕದಲ್ಲಿ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿ ದ್ವಿಭಾಷಾ ಪದ್ಧತಿಯನ್ನು ಶಿಫಾರಸು ಮಾಡಿತು. ಒಂದು ನೀತಿ ಮೂರು ಎನ್ನುತ್ತದೆ, ಒಂದು ವರದಿ ಎರಡು ಎನ್ನುತ್ತದೆ, ಮಗು ಓದುತ್ತಿರುವುದು ಯಾವ ಮಂಡಳಿಯ ಶಾಲೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಇಲ್ಲಿ ಒಂದು ತಪ್ಪು ಗ್ರಹಿಕೆಯನ್ನು ಬಿಡಿಸಬೇಕು. ಸ್ಪ್ಯಾನಿಷ್ ಬಂದರೆ ಕನ್ನಡಕ್ಕೆ ಕುತ್ತು ಎಂಬ ಆತಂಕವನ್ನು ನಾನು ಹಲವು ಹಿರಿಯರಿಂದ ಕೇಳಿದ್ದೇನೆ. ಕನ್ನಡ ಉಳಿಯಬೇಕೆಂಬ ಅವರ ಕಾಳಜಿ ನನ್ನದೂ ಹೌದು. ಆದರೆ 2015ರ ಅಧಿನಿಯಮದ ಪ್ರಕಾರ ಕನ್ನಡ ಮೊದಲೆರಡು ಸ್ಥಾನಗಳಲ್ಲೇ ಇರುವುದರಿಂದ ಸ್ಪ್ಯಾನಿಷ್ ಪೈಪೋಟಿ ನಡೆಸುವುದು ಮೂರನೆಯ ಸ್ಥಾನದ ಹಿಂದಿ, ಸಂಸ್ಕೃತಗಳ ಜೊತೆ. ಕನ್ನಡಕ್ಕೆ ನಿಜವಾಗಿ ನಷ್ಟವಾಗುತ್ತಿರುವುದು ಬೇರೊಂದು ಕಡೆ, ಸ್ಪ್ಯಾನಿಷ್ ಕಲಿಸುವ ವಿಧಾನದಲ್ಲಿ.

ಅದು ನನಗೆ ಮನದಟ್ಟಾದದ್ದು ವಿದ್ಯಾನಗರದ ನನ್ನ ತಂಗಿಯ ಮನೆಯಲ್ಲಿ. ಅವಳ ಮಗಳು ಎಂಟನೆಯ ತರಗತಿಯಲ್ಲಿದ್ದಾಗ ಅವಳ ಸ್ಪ್ಯಾನಿಷ್ ನೋಟುಪುಸ್ತಕವನ್ನು ತೆರೆದು ನೋಡಿದೆ. ಪುಟಕ್ಕೆ ಮೂರು ಕಲಮು ಎಳೆದು, ಮೊದಲನೆಯದರಲ್ಲಿ ಸ್ಪ್ಯಾನಿಷ್ ಪದ, ಎರಡನೆಯದರಲ್ಲಿ ಇಂಗ್ಲಿಷ್ ಅರ್ಥ ಬರೆದಿದ್ದಳು. ಮೂರನೆಯದರಲ್ಲಿ ಪೆನ್ಸಿಲಿನಿಂದ, ಸಣ್ಣದಾಗಿ, ಕನ್ನಡದಲ್ಲಿ ಉಚ್ಚಾರಣೆ ಬರೆದುಕೊಂಡು ಆಮೇಲೆ ಅದನ್ನು ಅಳಿಸಿದ್ದಳು. ರಬ್ಬರಿನ ಗುರುತು ಹಾಗೇ ಇತ್ತು. ಕನ್ನಡದಲ್ಲಿ ಬರೆಯಬಾರದು, ನೇರವಾಗಿ ಸ್ಪ್ಯಾನಿಷ್‌ನಲ್ಲಿ ಯೋಚಿಸಬೇಕು ಎಂದು ತರಗತಿಯಲ್ಲಿ ಹೇಳಿದ್ದರಂತೆ. ಇಂಗ್ಲಿಷ್ ಅರ್ಥದ ಕಲಮಿಗೆ ಮಾತ್ರ ಯಾರ ತಕರಾರೂ ಇರಲಿಲ್ಲ.

ಭಾಷೆಯ ಒಡಲನ್ನು ನೋಡಿದರೆ ಇದು ಎಷ್ಟು ತಿರುಗುಮುರುಗು ಎಂಬುದು ತಿಳಿಯುತ್ತದೆ. ಸ್ಪ್ಯಾನಿಷ್‌ನ ತ ಮತ್ತು ದ ನಮ್ಮವೇ ದಂತ್ಯಗಳು. ಇಂಗ್ಲಿಷಿನ ದಾರಿಯಲ್ಲಿ ಹೋದ ಮಗು ಅವನ್ನು ಟ, ಡ ಮಾಡಿಕೊಳ್ಳುತ್ತದೆ. ಅ, ಎ, ಇ, ಒ, ಉ ಎಂಬ ಐದು ಸ್ವರಗಳು ಬರೆದಂತೆಯೇ ನುಡಿಯುತ್ತವೆ. ವರ್ಣಮಾಲೆಯಲ್ಲಿ ಕಲಿತು ಒಂಟಿಯಾಗಿ ಎಂದೂ ಬಳಸದ ನಮ್ಮ ಞ ಅಲ್ಲಿ ದಿನಬಳಕೆಯ ಅಕ್ಷರ: ಎಸ್ಪಾಞೋಲ್ ಎಂಬ ಆ ಭಾಷೆಯ ಹೆಸರಿನಲ್ಲೇ ಅದು ಕುಳಿತಿದೆ. ಪೆರೊ ಎಂದು ಮೆಲ್ಲಗೆ ರಕಾರ ನುಡಿದರೆ ‘ಆದರೆ’ ಎಂದರ್ಥ, ನಾಲಗೆ ಅದುರಿಸಿ ಒತ್ತಿ ನುಡಿದರೆ ‘ನಾಯಿ’ ಎಂದರ್ಥ. ಅರಿ ಎಂದರೆ ಕತ್ತರಿಸು, ಅಱಿ ಎಂದರೆ ತಿಳಿ ಎಂದು ಎರಡು ರಕಾರಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡಿದ್ದ ಹಳಗನ್ನಡದ ಮಕ್ಕಳಿಗೆ ಇದನ್ನು ವಿವರಿಸಲು ಎಷ್ಟು ಹೊತ್ತು ಬೇಕು?

ವಾಕ್ಯದಲ್ಲಿಯೂ ಹೀಗೆಯೇ. ‘ಮಾತಾಡುತ್ತೇನೆ’ ಎಂದರೆ ‘ನಾನು’ ಎಂದು ಬೇರೆ ಹೇಳಬೇಕಿಲ್ಲ. ಸ್ಪ್ಯಾನಿಷ್‌ನ ‘ಆಬ್ಲೊ’ ಕೂಡ ಕರ್ತೃವನ್ನು ತನ್ನ ಪ್ರತ್ಯಯದಲ್ಲೇ ಹೊತ್ತಿರುತ್ತದೆ. ನೀನು, ನೀವು ಎಂಬಂತೆ ಅಲ್ಲಿ ತು, ಉಸ್ತೆದ್ ಇವೆ. ‘ಮೆ ಗುಸ್ತಾ’ ಎಂಬುದನ್ನು ಇಂಗ್ಲಿಷಿನ ಮೂಲಕ ಕಲಿತ ಮಗು ಇಷ್ಟಪಡುವವನು ಕರ್ತೃ ಏಕಲ್ಲ ಎಂದು ತಿಂಗಳುಗಟ್ಟಲೆ ತಡವರಿಸುತ್ತದೆ. ಅಂದು ನಾನು ‘ಮೆ’ ಎಂದರೆ ನನಗೆ, ‘ಗುಸ್ತಾ’ ಎಂದರೆ ಇಷ್ಟವಾಗುತ್ತದೆ ಎಂದಾಗ ಹುಡುಗಿ, “ದೊಡ್ಡಮ್ಮ, ಹಂಗಾದ್ರೆ ಇದು ನಮ್ಮ ಮಾತಿನಂಗೇ ಐತಲ್ಲ” ಎಂದಳು. ‘ಮೆ ದುವೆಲೆ ಲಾ ಕಬೇಸಾ’ ಎಂಬುದನ್ನು ಅವಳೇ ‘ನನಗೆ ತಲೆ ನೋಯುತ್ತದೆ’ ಎಂದು ಬಿಡಿಸಿದಳು. ‘ಇರು’ ಎಂಬ ಅರ್ಥಕ್ಕೆ ಸ್ಪ್ಯಾನಿಷ್‌ನಲ್ಲಿ ಎರಡು ಕ್ರಿಯಾಪದಗಳಿರುವುದು ಎಲ್ಲ ಕಲಿಯುವವರ ಕಷ್ಟ. ನಮ್ಮಲ್ಲಿ ‘ನಾನು ವಿದ್ಯಾರ್ಥಿ’ ಎನ್ನುವಾಗ ಕ್ರಿಯಾಪದವೇ ಬೇಡ, ‘ನಾನು ಮನೆಯಲ್ಲಿದ್ದೇನೆ’ ಎನ್ನುವಾಗ ಬೇಕು. ಸ್ಪ್ಯಾನಿಷ್ ಕೂಡ ಇಲ್ಲಿಯೇ ಗೆರೆ ಎಳೆದು ಮೊದಲನೆಯದಕ್ಕೆ ‘ಸೋಯ್’, ಎರಡನೆಯದಕ್ಕೆ ‘ಎಸ್ತೋಯ್’ ಬಳಸುತ್ತದೆ. ಈ ಹೊಂದಿಕೆ ಪೂರ್ಣವಲ್ಲ. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ ಎಂಬಂತಹ ಲಿಂಗವ್ಯವಸ್ಥೆಯಲ್ಲಿ ನಮ್ಮ ಮಕ್ಕಳು ಹಿಂದಿಯಲ್ಲಿ ಎಡವಿದಂತೆಯೇ ಇಲ್ಲಿಯೂ ಎಡವುತ್ತಾರೆ; ವಿಭಕ್ತಿ ಪ್ರತ್ಯಯಗಳ ಬದಲು ಪದದ ಮುಂದೆ ಬರುವ ಚಿಕ್ಕ ಪದಗಳನ್ನು ರೂಢಿಸಿಕೊಳ್ಳಬೇಕು. ಆದರೂ ಬಾಗಿಲು ಕನ್ನಡದ ಕಡೆಯಿಂದ ತೆರೆದಿರುವಾಗ ಇಂಗ್ಲಿಷಿನ ಹಿತ್ತಿಲು ಬಳಸಿ ಬರುವುದೇಕೆ?

ಸಂಸ್ಕೃತಿಯ ಪಾಠಕ್ಕೂ ಇದೇ ಮಾತು ಸಲ್ಲುತ್ತದೆ. ಸುಮಾರು 50 ಕೋಟಿ ಜನರ ತಾಯ್ನುಡಿಯಾದ ಈ ಭಾಷೆಯನ್ನಾಡುವವರಲ್ಲಿ ಬಹುಪಾಲು ಜನ ಇರುವುದು ಸ್ಪೇನಿನಲ್ಲಲ್ಲ, ಅಮೆರಿಕ ಖಂಡಗಳಲ್ಲಿ. ಅತಿ ಹೆಚ್ಚು ಮಂದಿ ಮೆಕ್ಸಿಕೊದಲ್ಲಿ. ಮಕ್ಕಳ ಪುಸ್ತಕದಲ್ಲಿ ಮಾತ್ರ ಗೂಳಿಕಾಳಗ ಮತ್ತು ಫ್ಲಮೆಂಕೊ ನೃತ್ಯದ ಚಿತ್ರಗಳೇ ಮುಂದಿರುತ್ತವೆ. ದಾವಣಗೆರೆಯ ಎಪಿಎಂಸಿ ಅಂಗಳದಲ್ಲಿ ಬಂಗಾರದ ರಾಶಿಯಂತೆ ಬೀಳುವ ಮೆಕ್ಕೆಜೋಳದ ತವರು ಮೆಕ್ಸಿಕೊ. ಸ್ಪೇನಿನ ನಾವಿಕರು ಕೆರಿಬಿಯನ್ ದ್ವೀಪಗಳ ತೈನೊ ಜನರಿಂದ ಆ ಬೆಳೆಯ ಹೆಸರನ್ನು ಕೇಳಿ ‘ಮಾಯೀಸ್’ ಎಂದರು, ಇಂಗ್ಲಿಷಿನ ಹೆಸರು ಅದರಿಂದ ಬಂತು. ಮೆಕ್ಸಿಕೊದವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಅರೆದು, ತಟ್ಟಿ, ಹೆಂಚಿನ ಮೇಲೆ ಸುಟ್ಟು ಮಾಡುವ ತೋರ್ತಿಯಾವನ್ನು ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿ ಬೆಳೆದ ಮಗುವಿಗೆ ಚಿತ್ರ ತೋರಿಸದೆಯೂ ತಿಳಿಸಬಹುದು. ಚಳ್ಳಕೆರೆಯ ಶೇಂಗಾ ಕೂಡ ದಕ್ಷಿಣ ಅಮೆರಿಕದ್ದೇ. ಅದನ್ನು ಒಂದು ದೇಶದವರು ಮನಿ ಎಂದರೆ ಇನ್ನೊಂದು ದೇಶದವರು ಕಕವಾತೆ ಎನ್ನುತ್ತಾರೆ ಎಂಬಲ್ಲಿ ಒಂದು ಭಾಷೆಯ ಹಲವು ನಾಡುಗಳ ಕಥೆಯಿದೆ. ಎದುರು ದಿಕ್ಕಿನ ಪಯಣವೂ ಉಂಟು. ಸಂಸ್ಕೃತದ ಶರ್ಕರ ಅರಬ್ಬರ ಬಾಯಲ್ಲಿ ತಿರುಗಿ ಸ್ಪೇನಿನಲ್ಲಿ ‘ಅಸೂಕಾರ್’ ಆಯಿತು, ಇಲ್ಲಿ ಸಕ್ಕರೆಯಾಯಿತು. ಚತುರಂಗ ಅಲ್ಲಿ ‘ಅಹೆದ್ರೆಸ್’, ಇಲ್ಲಿ ಚದುರಂಗ.

ಹೀಗೆ ಕಲಿಸಬಲ್ಲವರು ಎಲ್ಲಿದ್ದಾರೆ ಎಂಬುದು ಉಳಿದ ಪ್ರಶ್ನೆ. ಸ್ಪ್ಯಾನಿಷ್ ಪದವಿ ನೀಡುವ ಹೆಸರಾಂತ ಸಂಸ್ಥೆಗಳು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಂಥವು. ಸ್ಪ್ಯಾನಿಷ್ ಕಲಿಸಲೆಂದು ಸ್ಪೇನ್ ಸರ್ಕಾರ 1991ರಲ್ಲಿ ಆರಂಭಿಸಿದ ಸೆರ್ವಾಂತೆಸ್ ಸಂಸ್ಥೆಯ ಕೇಂದ್ರವೂ ದೆಹಲಿಯಲ್ಲಿದೆ. ಅಲ್ಲಿ ಕಲಿತವರಿಗೆ ಬೆಂಗಳೂರಿನ ಕಂಪನಿಗಳು ಕೊಡುವ ಸಂಬಳವನ್ನು ಜಿಲ್ಲಾ ಕೇಂದ್ರದ ಶಾಲೆಯೊಂದು ವಾರಕ್ಕೆ ಮೂರು ಪೀರಿಯಡ್ಡಿಗೆ ಕೊಡಲಾರದು. ನನ್ನ ತಂಗಿಯ ಮಗಳ ಶಾಲೆಯಲ್ಲಿ ಶಿಕ್ಷಕಿ ಡಿಸೆಂಬರಿನಲ್ಲಿ ಬಿಟ್ಟುಹೋದರು. ಉಳಿದ ತಿಂಗಳುಗಳ ಆ ಪೀರಿಯಡ್ಡು ಗಣಿತಕ್ಕೆ ಹೋಯಿತು, ಪಾಲಕರು ಕಟ್ಟಿದ ಹೆಚ್ಚುವರಿ ಶುಲ್ಕ ಮರಳಲಿಲ್ಲ. ಈಗ ಅವಳು ರಾತ್ರಿ ಊಟವಾದ ಮೇಲೆ ಆನ್‌ಲೈನ್ ತರಗತಿಗೆ ಕೂರುತ್ತಾಳೆ. ಶಾಲೆ ಕೈಬಿಟ್ಟರೂ ಭಾಷೆ ಕೈಬಿಡಬೇಕಿಲ್ಲ ಎಂಬುದು ಅವಳ ಹಟ. ಭಾಷೆ ಎಷ್ಟು ಬರುತ್ತದೆ ಎಂದು ಅಳೆಯುವ ಯುರೋಪಿನ ಆರು ಹಂತಗಳ ಅಳತೆಯಲ್ಲಿ ಎ1 ಎಂಬ ಮೊದಲ ಹಂತಕ್ಕೆ ಶಾಲಾ ಮಕ್ಕಳಿಗಾಗಿಯೇ ಸೆರ್ವಾಂತೆಸ್ ಸಂಸ್ಥೆಯ ಒಂದು ಪರೀಕ್ಷೆಯಿದೆ. ಅದಕ್ಕೆ ಮಂಡಳಿಯ ಒಪ್ಪಿಗೆಯೂ ಬೇಡ, ತೃತೀಯ ಭಾಷೆಯ ಪಟ್ಟವೂ ಬೇಡ.

ಶಾಲೆಯಲ್ಲೇ ಕಲಿಸುತ್ತೇವೆ ಎಂದವರನ್ನು ಪಾಲಕರು ದಾಖಲಾತಿಗೆ ಮೊದಲು ಕೇಳಬೇಕಾದ ಮಾತುಗಳಿವೆ. ಒಂಬತ್ತನೆಯ ತರಗತಿಯಲ್ಲಿ ಈ ವಿಷಯ ಮುಂದುವರಿಯುತ್ತದೆಯೇ, ಮುಂದುವರಿದರೆ ಮಂಡಳಿಯ ಪರೀಕ್ಷೆಗೆ ಅದನ್ನು ನೋಂದಾಯಿಸುತ್ತೀರಾ ಅಥವಾ ಹವ್ಯಾಸದ ತರಗತಿಯಾಗಿ ನಡೆಸುತ್ತೀರಾ, ಶಿಕ್ಷಕರು ನಡುವೆ ಬಿಟ್ಟರೆ ಯಾರು ಕಲಿಸುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯುವುದು ಒಳ್ಳೆಯದು. ಮಕ್ಕಳು ನೋಟುಪುಸ್ತಕದ ಮೂರನೆಯ ಕಲಮಿನಲ್ಲಿ ಕನ್ನಡ ಬರೆದುಕೊಳ್ಳಬಹುದೇ ಎಂಬುದನ್ನೂ ಅದೇ ದಿನ ಕೇಳಬೇಕು.