ಅಪ್ಪನಿಗೆ ದುಡ್ಡು ಕೊಟ್ಟೆ, ಬಾಂಡ್ ಬರೆಸಿದೆ, ಮನೆ ನನ್ನದಾಯಿತೇ?

ಪ್ರಶ್ನೆ: ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ತಂದೆಯವರ ಹಳೆಯ ಮನೆ ಇದೆ. ಅವರಿಗೆ 40 ಲಕ್ಷ ರೂಪಾಯಿ ಕೊಟ್ಟು ನಾನೇ ತೆಗೆದುಕೊಂಡಿದ್ದೇನೆ. ನೂರು ರೂಪಾಯಿ ಬಾಂಡ್ ಮೇಲೆ ಬರೆಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ನೋಟರಿಯನ್ನೂ ಮಾಡಿಸಿದ್ದೇವೆ. ತಂದೆ-ಮಗನ ವ್ಯವಹಾರಕ್ಕೆ ರಿಜಿಸ್ಟ್ರಿ ಬೇಕಿಲ್ಲ ಎನ್ನುತ್ತಾರೆ. ಅಕ್ಕಂದಿರು ಇಬ್ಬರಿದ್ದಾರೆ, ಅವರದೇನೂ ತಕರಾರಿಲ್ಲ. ಇಷ್ಟು ಸಾಕಲ್ಲವೇ ಸರ್?

ಸಾಕಾಗುವುದಿಲ್ಲ. ಈ ಉತ್ತರವನ್ನು ಎಷ್ಟನೆಯ ಸಲ ಬರೆಯುತ್ತಿದ್ದೇನೋ, ಲೆಕ್ಕ ತಪ್ಪಿದೆ. ಕೇಳುವವರ ಹೆಸರು ಬೇರೆ, ಓಣಿ ಬೇರೆ. ಬಾಂಡ್ ಮಾತ್ರ ಅದೇ.

ಆಸ್ತಿ ವರ್ಗಾವಣೆ ಕಾಯ್ದೆ 1882ರದು. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದಿಂದ ಮಾತ್ರ ಆಗುತ್ತದೆ ಎಂದು ಅದರ 54ನೆಯ ಕಲಮು ಹೇಳುತ್ತದೆ. ಆ ಕಾಲಕ್ಕೆ ನೂರು ರೂಪಾಯಿ ದೊಡ್ಡ ದುಡ್ಡು. ಇವತ್ತು ಅಷ್ಟರೊಳಗೆ ಸಿಗುವ ಮನೆ ಬೇಕೆಂದರೆ ಶರಣಬಸವೇಶ್ವರ ಜಾತ್ರೆಗೆ ಹೋಗಿ ಆಟಿಕೆ ಅಂಗಡಿಯಲ್ಲಿ ಹುಡುಕಬೇಕು. ತಂದೆ-ಮಗನಿಗೆ ರಿಯಾಯಿತಿ ಎಂಬ ಸಾಲು ಆ ಕಲಮಿನಲ್ಲಿ ಎಲ್ಲಿಯೂ ಇಲ್ಲ.

ಹಾಗಾದರೆ ನೋಟರಿ? ಇಂಥ ದಿನ ಇಂಥವರು ನನ್ನೆದುರು ಸಹಿ ಮಾಡಿದರು ಎಂದಷ್ಟೇ ಆ ಮುದ್ರೆ ಹೇಳುತ್ತದೆ. ಮನೆ ಯಾರದು ಎಂದು ಹೇಳುವುದು ಅದರ ಕೆಲಸವಲ್ಲ. ಮುಖ್ತಿಯಾರನಾಮೆ (ಪವರ್ ಆಫ್ ಅಟಾರ್ನಿ), ಕರಾರು, ಉಯಿಲು ಇವನ್ನೆಲ್ಲ ಸೇರಿಸಿ ಹೊಲಿದ ‘ಮಾರಾಟ’ದಿಂದಲೂ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ಅದಾದ ಮೇಲೂ ನಮ್ಮ ಊರಿನಲ್ಲಿ ಬಾಂಡ್ ಬರೆಯುವುದು ನಿಂತಿಲ್ಲ.

‘ನಮ್ಮ ಕಾಕಾ ನಲವತ್ತು ವರ್ಷದಿಂದ ಬಾಂಡ್ ಮೇಲೆಯೇ ಇದ್ದಾರಲ್ಲ’ ಎನ್ನುವವರು ವಾರಕ್ಕೊಬ್ಬರಾದರೂ ಸಿಗುತ್ತಾರೆ. ಕಾಕಾ ಅಲ್ಲಿ ಇರುವುದು ಬಾಂಡಿನ ಬಲದಿಂದಲ್ಲ, ಎಬ್ಬಿಸಲು ಇದುವರೆಗೆ ಯಾರೂ ಬಂದಿಲ್ಲವಾದ್ದರಿಂದ.

ನಿಮ್ಮ ಮನೆಗೇ ಬರೋಣ. ತಂದೆಯವರು ನೂರು ವರ್ಷ ಬಾಳಲಿ. ಆದರೆ ಅವರ ನಂತರ, ಉಯಿಲು ಇಲ್ಲದಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಆ ಮನೆಯಲ್ಲಿ ತಾಯಿಗೆ, ನಿಮಗೆ, ಇಬ್ಬರು ಅಕ್ಕಂದಿರಿಗೆ ಸಮಪಾಲು. 40 ಲಕ್ಷ ಕೊಟ್ಟ ನಿಮಗೂ ನಾಲ್ಕರಲ್ಲಿ ಒಂದೇ. ಇಂದು ತಕರಾರಿಲ್ಲದ ಅಕ್ಕಂದಿರಿಗೆ ನಾಳೆ ದೊಡ್ಡವರಾಗುವ ಮಕ್ಕಳಿದ್ದಾರೆ, ಅಳಿಯಂದಿರು ಬರುತ್ತಾರೆ. ಆಗ ನೀವು ಬಾಂಡ್ ಹಿಡಿದು ಕೋರ್ಟಿಗೆ ಹೋದರೆ ಏನಾಗುತ್ತದೆ? ನೋಂದಣಿಯಾಗದ ಪತ್ರ ಒಡೆತನಕ್ಕೆ ಸಾಕ್ಷಿಯಾಗುವುದಿಲ್ಲ. ಹೋಗಲಿ, ಕರಾರು ಪತ್ರವೆಂದಾದರೂ ನೋಡಿ ಎಂದು ಬೇಡಿಕೊಂಡಿರೋ, ‘ಸ್ವಾಧೀನ ಕೊಟ್ಟಿರುತ್ತೇವೆ’ ಎಂಬ ಸಾಲು ಅದರಲ್ಲಿ ಇದ್ದೇ ಇರುತ್ತದೆ. ಅದಿಲ್ಲದ ಬಾಂಡನ್ನು ನಾನು ಕಂಡಿಲ್ಲ. ಸ್ವಾಧೀನ ಕೊಟ್ಟ ಕರಾರಿಗೆ ಖರೀದಿ ಪತ್ರದಷ್ಟೇ ಮುದ್ರಾಂಕ ಶುಲ್ಕ: ನೂರಕ್ಕೆ 5, ಅಂದರೆ 2 ಲಕ್ಷ. ನೀವು ಕಟ್ಟಿದ್ದು ನೂರು ರೂಪಾಯಿ. ಕಡಿಮೆ ಬಿದ್ದ ಶುಲ್ಕವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಿದ ಮೇಲೆಯೇ ಕೋರ್ಟ್ ಆ ಕಾಗದವನ್ನು ಕೈಗೆತ್ತಿಕೊಳ್ಳುವುದು. ಸುಮಾರು 22 ಲಕ್ಷ. ಅಷ್ಟು ಕೊಟ್ಟರೂ ಮನೆ ನಿಮ್ಮ ಹೆಸರಿಗಾಗುವುದಿಲ್ಲ, ಕಾಗದ ಓದಿಸಿಕೊಳ್ಳುತ್ತದೆ, ಅಷ್ಟೆ.

(ಮುಸ್ಲಿಂ ಓದುಗರು ಹಿಬಾ ಬಗ್ಗೆ ಕೇಳುತ್ತಾರೆ. ಅದು ಬಾಯಿಮಾತಿನಲ್ಲಿಯೂ ಆಗಬಹುದು, ನಿಜ. ಆದರೆ ಹಿಬಾ ಎಂದರೆ ದಾನ. ದುಡ್ಡು ಪಡೆದು ಮಾಡುವ ಮಾರಾಟಕ್ಕೆ 54ನೆಯ ಕಲಮು ಎಲ್ಲರಿಗೂ ಒಂದೇ.)

ಇನ್ನು ಮಾಡಬೇಕಾದದ್ದು. ನಿಜವಾಗಿ ದುಡ್ಡು ಕೊಟ್ಟಿದ್ದರೆ ಖರೀದಿ ಪತ್ರ ಮಾಡಿಸಿ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ನೂರಕ್ಕೆ 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ ಎಲ್ಲ ಸೇರಿ ನೂರಕ್ಕೆ 7.6, ನಿಮ್ಮ 40 ಲಕ್ಷಕ್ಕೆ 3,04,000 ರೂಪಾಯಿ. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ ಇದಕ್ಕಿಂತ ಹೆಚ್ಚಿದ್ದರೆ ಅದರ ಮೇಲೆ ಲೆಕ್ಕ. ಮೊದಲು ಮಹಾನಗರ ಪಾಲಿಕೆಯಿಂದ ತಂದೆಯವರ ಹೆಸರಿನ ಇ-ಖಾತಾ ಬೇಕು. ದುಡ್ಡು ಬ್ಯಾಂಕಿನ ಮೂಲಕವೇ ಹೋಗಲಿ. ಮಾರಿದ ಲಾಭದ ಮೇಲೆ ತಂದೆಯವರಿಗೆ ಆದಾಯ ತೆರಿಗೆ ಬರಬಹುದು, ಲೆಕ್ಕ ಪರಿಶೋಧಕರನ್ನು ಪತ್ರಕ್ಕೆ ಮೊದಲೇ ಕಾಣಿರಿ.

‘ಬಕ್ಷೀಸ್ ಪತ್ರ (ದಾನ ಪತ್ರ) ಮಾಡಿಸಿದರೆ ಕೆಲವೇ ಸಾವಿರದಲ್ಲಿ ಮುಗಿಯುತ್ತದಲ್ಲ?’ ಮುಗಿಯುತ್ತದೆ, ತಂದೆಯವರು ಬಿಟ್ಟಿಯಾಗಿ ಕೊಡುತ್ತಿದ್ದರೆ. 40 ಲಕ್ಷ ಎಣಿಸಿ ಕೊಟ್ಟು ‘ಪ್ರೀತಿ ವಿಶ್ವಾಸದಿಂದ ಕೊಟ್ಟದ್ದು’ ಎಂದು ಬರೆಸಿದರೆ ಅದು ಸುಳ್ಳು ಪತ್ರ. ಹಕ್ಕು ಬಿಡುಗಡೆ ಪತ್ರವೂ ಬೇಡ. ಅದು ಪಾಲುದಾರರು ತಮ್ಮೊಳಗೆ ಮಾಡಿಕೊಳ್ಳುವಂಥದ್ದು. ತಂದೆಯವರು ತಾವೇ ಗಳಿಸಿದ ಮನೆಯಲ್ಲಿ ನಿಮಗೆ ಪಾಲೇ ಇಲ್ಲದಿರುವಾಗ ಅವರು ಬಿಟ್ಟುಕೊಡುವುದೇನನ್ನು?

ಇಲ್ಲಿ ನೀವು ಕೇಳದ ಪ್ರಶ್ನೆಯೊಂದು ಉಳಿಯಿತು: ತಂದೆಯವರಿಗೆ ಆ ಮನೆ ಹೇಗೆ ಬಂತು? ಅವರೇ ಕೊಂಡದ್ದಾದರೆ ಯಾರಿಗೆ ಬೇಕಾದರೂ ಮಾರಬಹುದು, ಅಕ್ಕಂದಿರ ಸಹಿ ಕಡ್ಡಾಯವಲ್ಲ. ಪಿತ್ರಾರ್ಜಿತವಾದರೆ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಪಾಲುದಾರರು. ಆಗ ಅವರಿಬ್ಬರೂ ಪತ್ರದಲ್ಲಿ ಬರಲೇಬೇಕು.

ಇದನ್ನು ತಿಳಿಯಲು ಟ್ರಂಕಿನ ತಳದಲ್ಲಿರುವ ಉರ್ದು ಕಾಗದ ತೆಗೆಯಬೇಕು. 1948ರವರೆಗೆ ನಾವು ನಿಜಾಮರ ಸಂಸ್ಥಾನದಲ್ಲಿದ್ದೆವು, ಆಡಳಿತ ಉರ್ದುವಿನಲ್ಲಿತ್ತು. ಬೈನಾಮಾ ಎಂದು ತಲೆಬರಹವಿದ್ದರೆ ಅದೇ ಖರೀದಿ ಪತ್ರ. ಉರ್ದು ಬಲ್ಲ ಹಳೆಯ ವಕೀಲರಿಂದ ಅನುವಾದ ಮಾಡಿಸಿ, ಮೂಲವನ್ನು ಲ್ಯಾಮಿನೇಷನ್ ಮಾಡಿಸಬೇಡಿ. ತಾರೀಖು ನೋಡಿ ಗಾಬರಿಯಾಗಬೇಡಿ, ಅದು ಫಸಲಿ, ಅಂದರೆ ನಿಜಾಮರ ಆಡಳಿತದಲ್ಲಿ ಬಳಸುತ್ತಿದ್ದ ವರ್ಷ. 590 ಕೂಡಿಸಿದರೆ ಸುಮಾರಾಗಿ ನಮ್ಮ ಇಸವಿ ಸಿಗುತ್ತದೆ.

ಶಹಾಬಜಾರದ ಒಬ್ಬರು ಒಮ್ಮೆ ಇಂಥ ಕಾಗದ ತಂದು, ‘ಇದು ಬಹಮನಿ ಕಾಲದ್ದು ಸರ್’ ಎಂದರು. ನಗುವಂತಿರಲಿಲ್ಲ, ತಾರೀಖು ‘ಬಹಮನ್ 1347’ ಎಂದೇ ಇತ್ತು. ಬಹಮನಿ ರಾಜ್ಯ ಶುರುವಾದದ್ದೂ 1347ರಲ್ಲಿಯೇ, ರಾಜಧಾನಿ ಇದೇ ಊರು. ಆದರೆ ಬಹಮನ್ ಎಂಬುದು ಹೈದರಾಬಾದ್ ಫಸಲಿಯ ಮೂರನೆಯ ತಿಂಗಳ ಹೆಸರು. ಕೂಡಿಸಿದರೆ ಬಂದದ್ದು 1937ರ ಡಿಸೆಂಬರ್ ಆಸುಪಾಸು. ಅವರ ಅಜ್ಜ ನಿಜಾಮರ ಎಂಟುನೂರು ಸಿಕ್ಕಾ ರೂಪಾಯಿಗೆ ಕೊಂಡ ಮನೆ. ಕಾಗದ ತಿರುಗಿಸಿದೆ. ಹಿಂಬದಿಯಲ್ಲಿ ರಿಜಿಸ್ಟ್ರಿಯ ಮುದ್ರೆ ಇತ್ತು.