ನಿಲ್ಲುವುದು ಬೇರೆ, ಮರಳುವುದು ಬೇರೆ: ಹಾರ್ಮೋನ್ ಚಿಕಿತ್ಸೆ ಮತ್ತು ನೆತ್ತಿಯ ಕೂದಲಿನ ಟಿಪ್ಪಣಿ

ಹಾಸನದಲ್ಲಿ ಬಿ.ಫಾರ್ಮಾ ಓದುವ ನಮಗೆ ಹೆಣ್ಣು ಹಾರ್ಮೋನಾದ ಈಸ್ಟ್ರಾಡಿಯೋಲ್ ಒಂದು ಅಧ್ಯಾಯದಲ್ಲಿ ಬರುತ್ತದೆ, ಫಿನಾಸ್ಟರೈಡ್ ಪ್ರಾಸ್ಟೇಟ್ ಜೊತೆ ಬರುತ್ತದೆ, ಸ್ಪೈರೊನೊಲ್ಯಾಕ್ಟೋನ್ ಮೂತ್ರವರ್ಧಕಗಳ ಸಾಲಿನಲ್ಲಿ ಕೂತಿರುತ್ತದೆ. ಈ ಮೂರೂ ಒಂದೇ ತಲೆಯ ಮೇಲೆ, ಅಂದರೆ ನನ್ನಂತಹ ಟ್ರಾನ್ಸ್ ಮಹಿಳೆಯ ನೆತ್ತಿಯ ಮೇಲೆ, ಸಂಧಿಸಿದಾಗ ಏನಾಗುತ್ತದೆ ಎಂಬುದಕ್ಕೆ ಪಠ್ಯದಲ್ಲಿ ಜಾಗವಿಲ್ಲ. ಬಿಡಿಬಿಡಿಯಾಗಿ ಓದಿದ್ದನ್ನು ಒಟ್ಟಿಗೆ ಕಟ್ಟಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ಗ್ರಾಹಿ ಎಂದರೇನು, ಕಿಣ್ವ ಎಂದರೇನು ಎಂಬುದು ಗೊತ್ತಿದೆ ಎಂದುಕೊಂಡಿದ್ದೇನೆ. ಮಾತ್ರೆಯ ಪ್ರಮಾಣ ಎಲ್ಲಿಯೂ ಬರೆದಿಲ್ಲ. ಅದು ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನ್ ತಜ್ಞರು, ನಿಮ್ಮ ರಕ್ತಪರೀಕ್ಷೆ ನೋಡಿ ಹೇಳಬೇಕಾದ ಮಾತು.

ಡಿಎಚ್‌ಟಿ, ಚುಟುಕಾಗಿ

ಗಂಡು ಹಾರ್ಮೋನಾದ ಟೆಸ್ಟೊಸ್ಟೆರಾನನ್ನು 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಡೈಹೈಡ್ರೊಟೆಸ್ಟೊಸ್ಟೆರಾನ್, ಅಂದರೆ ಡಿಎಚ್‌ಟಿ, ಆಗಿ ಬದಲಿಸುತ್ತದೆ. ಟೆಸ್ಟೊಸ್ಟೆರಾನ್ ಅಂಟುವ ಅದೇ ಗ್ರಾಹಿಗೆ ಡಿಎಚ್‌ಟಿ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ವಂಶದಲ್ಲಿ ಬಕ್ಕತಲೆಯ ಗುಣವಿದ್ದವರಲ್ಲಿ ಹಣೆಯ ಮೂಲೆ ಮತ್ತು ನೆತ್ತಿಯ ಕೂದಲಿನ ಬುಡಗಳು ಇದಕ್ಕೆ ಬೇಗ ಸೋಲುತ್ತವೆ. ಹಿಂದಲೆಯ ಬುಡಗಳು ಜಗ್ಗುವುದಿಲ್ಲ. ಸೋತ ಬುಡ ಒಮ್ಮೆಲೇ ಸಾಯುವುದಿಲ್ಲ. ಸುತ್ತಿನಿಂದ ಸುತ್ತಿಗೆ ಅದರ ಬೆಳವಣಿಗೆಯ ಅವಧಿ ಕುಗ್ಗುತ್ತದೆ, ಕೂದಲು ತೆಳುವಾಗುತ್ತದೆ, ಕೊನೆಗೆ ಕಣ್ಣಿಗೆ ಕಾಣದಷ್ಟು ನವಿರಾಗುತ್ತದೆ.

ಇದಕ್ಕೆ ಎರಡು ಹಳೆಯ ಸಾಕ್ಷ್ಯಗಳಿವೆ. 1942ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್, ವೃಷಣಗಳಿಲ್ಲದ ಗಂಡಸರನ್ನು ಪರೀಕ್ಷಿಸಿ ಪ್ರಕಟಿಸಿದರು. ಪ್ರೌಢಾವಸ್ಥೆಗೆ ಮೊದಲೇ ವೃಷಣ ಕಳೆದುಕೊಂಡವರು ಬಕ್ಕರಾಗಲಿಲ್ಲ. ಅವರಲ್ಲಿ ವಂಶದ ಗುಣವಿದ್ದವರಿಗೆ ಟೆಸ್ಟೊಸ್ಟೆರಾನ್ ಕೊಟ್ಟಾಗ ಕೂದಲು ಹೋಗತೊಡಗಿತು, ಕೊಡುವುದನ್ನು ನಿಲ್ಲಿಸಿದಾಗ ಹೋಗುವುದು ನಿಂತಿತು, ಆದರೆ ಹೋದದ್ದು ಮರಳಿ ತುಂಬಲಿಲ್ಲ. ಈ ಕೊನೆಯ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ಎರಡನೆಯದು 1974ರದು. ಡೊಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ಈ ಕಿಣ್ವದ ಕೊರತೆ ಇರುವುದನ್ನು ಜೂಲಿಯಾನ್ ಇಂಪೆರಾಟೊ-ಮ್ಯಾಗಿನ್ಲಿ ತಂಡ ವರದಿ ಮಾಡಿತು. ಅವರಲ್ಲಿ ಟೆಸ್ಟೊಸ್ಟೆರಾನ್ ಸರಿಯಾಗಿಯೇ ಇತ್ತು, ಗಡ್ಡ ವಿರಳವಾಗಿತ್ತು, ಹಣೆಯ ಕೂದಲು ಹಿಂದೆ ಸರಿದಿರಲಿಲ್ಲ. ಈ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ ಹುಟ್ಟಿಗೆ ಈ ವರದಿಯೇ ದಾರಿ ತೋರಿತು.

ಟೆಸ್ಟೊಸ್ಟೆರಾನ್ ಇಳಿದಿದೆ, ಆದರೂ ಉದುರುತ್ತಿದೆ: ಏಕೆ?

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಹೆಜ್ಜೆ, ಆದ್ದರಿಂದ ನಿಧಾನವಾಗಿ ಬಿಡಿಸುತ್ತೇನೆ.

ಈಸ್ಟ್ರಾಡಿಯೋಲ್ ಮತ್ತು ಆಂಡ್ರೋಜನ್ (ಟೆಸ್ಟೊಸ್ಟೆರಾನಿನಂತಹ ಗಂಡು ಹಾರ್ಮೋನುಗಳು) ತಡೆ ಶುರುವಾದ ಕೆಲವು ವಾರಗಳಲ್ಲಿ ರಕ್ತದ ಟೆಸ್ಟೊಸ್ಟೆರಾನ್ ಗಣನೀಯವಾಗಿ ಇಳಿಯಬಹುದು. ಬಾಚಣಿಗೆಯಲ್ಲಿ ಮಾತ್ರ ಕೂದಲು ಮೊದಲಿನಂತೆಯೇ ಬರುತ್ತಿರುತ್ತದೆ. ಇದು ಔಷಧದ ಸೋಲಲ್ಲ, ಕೂದಲಿನ ಪಂಚಾಂಗವೇ ಬೇರೆ. ಬೆಳವಣಿಗೆಯ ಹಂತ 2ರಿಂದ 6 ವರ್ಷ, ಮುದುಡುವ ಹಂತ 2–3 ವಾರ, ವಿಶ್ರಾಂತಿಯ ಹಂತ ಸುಮಾರು 3 ತಿಂಗಳು. ವಿಶ್ರಾಂತಿ ಮುಗಿದಾಗ ಕೂದಲು ಉದುರಿ, ಅದೇ ಬುಡದಿಂದ ಹೊಸದು ಏಳುತ್ತದೆ. ಆರೋಗ್ಯವಂತ ತಲೆಯಲ್ಲೂ ದಿನಕ್ಕೆ 50ರಿಂದ 100 ಕೂದಲು ಹೀಗೆ ಹೋಗುತ್ತವೆ.

ನೆತ್ತಿಯ ಮೇಲಿನ ಮೂರು ಕೂದಲನ್ನು ಹಿಡಿದುಕೊಳ್ಳಿ. ಮೊದಲನೆಯದು, ನೀವು ಮೊದಲ ಮಾತ್ರೆ ನುಂಗಿದ ದಿನ ಆಗಲೇ ವಿಶ್ರಾಂತಿಯಲ್ಲಿತ್ತು. ಅದರ ಉದುರುವಿಕೆ ನಿಶ್ಚಯವಾಗಿ ಹೋಗಿದೆ, ಇನ್ನು ಮೂರು ತಿಂಗಳೊಳಗೆ ಅದು ಬೀಳುತ್ತದೆ. ಎರಡನೆಯದು ತೆಳ್ಳಗಾಗಿ ಬೆಳೆಯುತ್ತಾ ಇದೆ. ಕೂದಲಿನ ದಪ್ಪ ಬಹುಮಟ್ಟಿಗೆ ಸುತ್ತಿನ ಆರಂಭದಲ್ಲೇ ನಿರ್ಧಾರವಾಗುವುದರಿಂದ, ಈ ಸುತ್ತು ಮುಗಿಯುವವರೆಗೆ ಅದು ತೆಳ್ಳಗೇ ಇರುತ್ತದೆ. ಡಿಎಚ್‌ಟಿ ಇಲ್ಲದ ಗಾಳಿಯ ಲಾಭ ಅದರ ಮುಂದಿನ ಸುತ್ತಿಗೆ. ಮೂರನೆಯದು ಇನ್ನೂ ದಪ್ಪಗಿದೆ, ಆದರೆ ಸೋಲುವ ಸರದಿಯಲ್ಲಿತ್ತು. ನಿಜವಾಗಿ ಉಳಿಯುವುದು ಇದು. ಉಳಿದದ್ದು ಮಾತ್ರ ಕಣ್ಣಿಗೆ ಕಾಣುವುದಿಲ್ಲ, ಏಕೆಂದರೆ ಅದು ಮೊದಲೂ ಅಲ್ಲೇ ಇತ್ತು.

ನಮ್ಮ ಕಡೆ ಕಾಫಿ ತೋಟವಿದ್ದವರಿಗೆ ಇದನ್ನು ಹೇಳುವುದು ಸುಲಭ. ಡಿಸೆಂಬರಿನಲ್ಲಿ ಕೊಯ್ಯುವ ಹಣ್ಣಿನ ಲೆಕ್ಕ ಮಾರ್ಚ್–ಏಪ್ರಿಲ್‌ನ ಹೂಮಳೆಯಲ್ಲೇ ಆಗಿರುತ್ತದೆ. ಕೊಯ್ಲಿನ ದಿನ ಎಷ್ಟು ನೀರು ಹಾಯಿಸಿದರೂ ಆ ವರ್ಷದ ಫಸಲು ಹೆಚ್ಚುವುದಿಲ್ಲ. ಇಂದು ಬಾಚಣಿಗೆಗೆ ಬಂದ ಕೂದಲೂ ಹಾಗೆಯೇ, ಕೆಲವು ತಿಂಗಳ ಹಿಂದಿನ ಹಾರ್ಮೋನಿನ ಫಲ.

ಇನ್ನೊಂದು ಸರಳ ಲೆಕ್ಕ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಹೊಸದಾಗಿ ಎದ್ದ ಕೂದಲು ಕಿವಿಯ ಹಿಂದೆ ಸಿಕ್ಕಿಸುವಷ್ಟು ಉದ್ದವಾಗಲು ಒಂದು ವರ್ಷ ಮೀರುತ್ತದೆ, ಹೆಗಲಿಗೆ ಇಳಿಯಲು ಎರಡು ವರ್ಷ ದಾಟುತ್ತದೆ. ಉದುರುವುದು ತಗ್ಗುವುದನ್ನು ತಿಂಗಳುಗಳಲ್ಲಿ ಅಳೆಯಿರಿ, ದಟ್ಟವಾಗುವುದನ್ನು ವರ್ಷಗಳಲ್ಲಿ. ಪ್ರತಿದಿನ ಕನ್ನಡಿಯೆದುರು ಬೈತಲೆ ಅಳೆಯುವುದರಿಂದ ಬೇಸರವಲ್ಲದೆ ಬೇರೇನೂ ಸಿಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಒಂದೇ ಕಿಟಕಿಯ ಬೆಳಕಿನಲ್ಲಿ, ಒಣಗಿದ ಕೂದಲಿಗೆ ಒಂದೇ ಕಡೆ ಬೈತಲೆ ತೆಗೆದು ಒಂದು ಫೋಟೊ ತೆಗೆದಿಟ್ಟರೆ ಸಾಕು.

ಮರಳುವುದು ಎಷ್ಟು?

ಹ್ಯಾಮಿಲ್ಟನ್ ಕಂಡದ್ದೇ ಇಂದಿಗೂ ಸಾಮಾನ್ಯ ನಿರೀಕ್ಷೆ: ನಷ್ಟ ನಿಲ್ಲುತ್ತದೆ, ಹೋದದ್ದೆಲ್ಲ ಬರುವುದಿಲ್ಲ. ಆದರೂ ಕೆಲವರಲ್ಲಿ ಗಮನಾರ್ಹವಾಗಿ ತುಂಬಿಕೊಂಡ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಇವೆ. ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯ 2017ರ ಮಾರ್ಗಸೂಚಿ ಪಟ್ಟಿಯಲ್ಲಿ ಸ್ತನ, ಚರ್ಮ, ಮೈಕೂದಲು ಎಲ್ಲಕ್ಕೂ ತಿಂಗಳುಗಳ ಲೆಕ್ಕವಿದೆ, ತಲೆಕೂದಲಿನ ಎದುರು ಮಾತ್ರ ಒಬ್ಬೊಬ್ಬರಲ್ಲಿ ಒಂದೊಂದು ಬಗೆ ಎಂದಿದೆ.

ಎಷ್ಟು ಮರಳುತ್ತದೆ ಎಂಬುದು ನಿಂತಿರುವುದು ಬುಡ ಎಷ್ಟು ಕಾಲದಿಂದ ಸೊರಗಿದೆ ಎಂಬುದರ ಮೇಲೆ. ರೋಮಾಂಚನವಾದಾಗ ಕೂದಲನ್ನು ನಿಮಿರಿಸುವ ಪುಟ್ಟ ಸ್ನಾಯುವೊಂದು ಬುಡಕ್ಕೆ ಅಂಟಿರುತ್ತದೆ. ಬಹುಕಾಲ ಸೊರಗಿದ ಬುಡದಲ್ಲಿ ಆ ಸ್ನಾಯುವಿನ ಜಾಗವನ್ನು ಕೊಬ್ಬು ಆವರಿಸುತ್ತದೆ, ಆಮೇಲೆ ಹಿಂದಿರುಗುವುದು ಕಷ್ಟ. ಹಣೆಯ ಮೂಲೆಯನ್ನು ಬೆಳಕಿಗೆ ಒಡ್ಡಿದಾಗ ನವಿರಾದ ಸಣ್ಣ ಕೂದಲು ಕಂಡರೆ ಆಸೆ ಇಟ್ಟುಕೊಳ್ಳಬಹುದು. ಹತ್ತು ವರ್ಷದಿಂದ ನುಣ್ಣಗೆ ಹೊಳೆಯುವ ಚರ್ಮವಿದ್ದರೆ ಮಾತ್ರೆಯ ಮೇಲೆ ಆ ಭಾರ ಹೊರಿಸಬೇಡಿ. ಅದಕ್ಕೆ ಹಿಂದಲೆಯಿಂದ ಕೂದಲು ಕಸಿ ಮಾಡುವ ದಾರಿ ಇದೆ, ಅದೂ ಹಾರ್ಮೋನ್ ಶುರುವಾಗಿ ಒಂದೆರಡು ವರ್ಷ ಕಾದು, ಎಲ್ಲಿ ನಿಂತಿದೆ ಎಂದು ನೋಡಿಕೊಂಡ ಮೇಲೆ. ಹಣೆಯ ಅಂಚಿನ ಗಂಡು ಆಕಾರವೂ ಮಾತ್ರೆಯಿಂದ ದುಂಡಗಾಗುವುದಿಲ್ಲ. ಗಡ್ಡದ ಕತೆಯೂ ಇದೇ, ಮಗುಚಿ ಓದಬೇಕು ಅಷ್ಟೆ: ಒಮ್ಮೆ ಬಲಿತ ಗಡ್ಡ ಆಂಡ್ರೋಜನ್ ಇಳಿದರೂ ಹೋಗುವುದಿಲ್ಲ, ಲೇಸರ್ ಅಥವಾ ಎಲೆಕ್ಟ್ರಾಲಿಸಿಸ್ ಬೇಕು.

ಫಿನಾಸ್ಟರೈಡ್ ಸೇರಿಸಬೇಕೇ?

ಎಲ್ಲರೂ ಕೇಳುವ ಪ್ರಶ್ನೆ. ನನ್ನ ಸುಲಭದ ದಾರಿ ಇದು: ಟೆಸ್ಟೊಸ್ಟೆರಾನಿನಿಂದ ಡಿಎಚ್‌ಟಿ, ಅಲ್ಲಿಂದ ಗ್ರಾಹಿ, ಇದನ್ನು ಒಂದು ಕೊಳವೆ ಎಂದುಕೊಂಡು, ಔಷಧ ಅದರ ಯಾವ ಜಾಗದಲ್ಲಿ ಕೂತಿದೆ ಎಂದು ಮೊದಲು ಕೇಳಿ.

ಸೈಪ್ರೊಟೆರೋನ್ ಮತ್ತು ಈಸ್ಟ್ರಾಡಿಯೋಲ್ ಮೂಲದಲ್ಲೇ ಟೆಸ್ಟೊಸ್ಟೆರಾನ್ ಉತ್ಪಾದನೆ ತಗ್ಗಿಸುತ್ತವೆ. ಫಿನಾಸ್ಟರೈಡ್ ನಡುವಿನ ಕಿಣ್ವವನ್ನು ತಡೆದು ರಕ್ತದ ಡಿಎಚ್‌ಟಿಯನ್ನು ಸುಮಾರು ಶೇ 70ರಷ್ಟು ಇಳಿಸುತ್ತದೆ, ಡ್ಯುಟಾಸ್ಟರೈಡ್ ಶೇ 90ಕ್ಕೂ ಹೆಚ್ಚು. ಸ್ಪೈರೊನೊಲ್ಯಾಕ್ಟೋನ್ ಮತ್ತು ಬೈಕ್ಯಾಲುಟಮೈಡ್ ಮುಖ್ಯವಾಗಿ ಕೊನೆಯ ಗ್ರಾಹಿಗೆ ಅಡ್ಡ ನಿಲ್ಲುತ್ತವೆ.

ತಿಳಿವಿಗಾಗಿ ಅಂಕಿ ಹಾಕಿಕೊಳ್ಳಿ. ಟೆಸ್ಟೊಸ್ಟೆರಾನ್ 600, ಅದರಿಂದ ಡಿಎಚ್‌ಟಿ 60 ಎಂದಿರಲಿ. ಬರೀ ಫಿನಾಸ್ಟರೈಡ್ ಕೊಟ್ಟರೆ ಡಿಎಚ್‌ಟಿ 18ಕ್ಕೆ ಬರುತ್ತದೆ, ಟೆಸ್ಟೊಸ್ಟೆರಾನ್ ಇಳಿಯುವುದಿಲ್ಲ, ಬದಲಿಗೆ ತುಸು ಏರುತ್ತದೆ. ಬರೀ ಫಿನಾಸ್ಟರೈಡ್ ನುಂಗಿ ಸ್ತ್ರೀಕರಣವಾಗಲಿ ಎಂದು ಕಾಯುವುದು ಆದ್ದರಿಂದ ವ್ಯರ್ಥ. ಈಗ ಟೆಸ್ಟೊಸ್ಟೆರಾನನ್ನೇ 30ಕ್ಕೆ ಇಳಿಸಿದ್ದೇವೆ ಎಂದುಕೊಳ್ಳಿ. ಡಿಎಚ್‌ಟಿ 3ರ ಆಸುಪಾಸು. ಅದರ ಮೇಲೆ ಫಿನಾಸ್ಟರೈಡ್ ಸೇರಿಸಿದರೆ 3 ಹೋಗಿ 1 ಆಗುತ್ತದೆ. ದೇಹದ ಲೆಕ್ಕ ಇಷ್ಟು ನೇರವಲ್ಲ, ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯಿಂದಲೂ ಸ್ವಲ್ಪ ಆಂಡ್ರೋಜನ್ ಬರುತ್ತದೆ. ಆದರೂ ಟೆಸ್ಟೊಸ್ಟೆರಾನ್ ಚೆನ್ನಾಗಿ ಇಳಿದವರಿಗೆ ಫಿನಾಸ್ಟರೈಡ್ ಕೊಡುವ ಲಾಭ ಕಿರಿದು ಎಂಬ ದಿಕ್ಕು ಸರಿ. ಟೆಸ್ಟೊಸ್ಟೆರಾನ್ ಪೂರ್ತಿ ಇಳಿಸಲಾಗದವರಿಗೆ, ಇಳಿಸಲು ಇಷ್ಟವಿಲ್ಲದವರಿಗೆ ಅದು ಅರ್ಥಪೂರ್ಣ.

ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರಿಗೆ ನಮ್ಮ ಜಿಲ್ಲೆಯ ವಿಶೇಷ ಎಚ್ಚರಿಕೆಯೊಂದಿದೆ. ಅದು ದೇಹದಲ್ಲಿ ಪೊಟ್ಯಾಸಿಯಂ ಉಳಿಸುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟದ ಮನೆಯವರು ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಎಳನೀರು ಕುಡಿಯುವುದನ್ನು ಲೆಕ್ಕಕ್ಕೇ ಇಡುವುದಿಲ್ಲ. ವೈದ್ಯರ ಮುಂದೆ ಅದನ್ನು ಹೇಳಿ. ಪೊಟ್ಯಾಸಿಯಂ ಮಿತಿಮೀರಿದರೆ ಪೆಟ್ಟು ಹೃದಯದ ಬಡಿತಕ್ಕೆ.

ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ ಎಂದು ಮಾಲಾ-ಎನ್ ಗರ್ಭನಿರೋಧಕ ಮಾತ್ರೆ ನುಂಗುವವರಿದ್ದಾರೆ. ಅದರಲ್ಲಿರುವುದು ಎಥಿನೈಲ್ ಈಸ್ಟ್ರಾಡಿಯೋಲ್, ರಕ್ತ ಹೆಪ್ಪುಗಟ್ಟಿಸುವ ಅಪಾಯದಿಂದಾಗಿ ಮಾರ್ಗಸೂಚಿಗಳು ಕೈಬಿಟ್ಟದ್ದು. ಜೊತೆಗಿರುವ ಲೆವೊನಾರ್ಜೆಸ್ಟ್ರೆಲ್‌ಗೆ ತುಸು ಆಂಡ್ರೋಜನ್ ಗುಣವೂ ಇದೆ. ಕೂದಲಿಗಾಗಿ ನುಂಗುವವರಿಗೆ ಇದಕ್ಕಿಂತ ತಿರುಗುಮುರುಗು ಆಯ್ಕೆ ಇಲ್ಲ.

ವರದಿ ಓದುವಾಗ: ಬಯೋಟಿನ್ ತಂದಿಡುವ ಗೊಂದಲ

ಮೊದಲು ಏಕಮಾನ. ಮಾರ್ಗಸೂಚಿಯ ಗುರಿ ಟೆಸ್ಟೊಸ್ಟೆರಾನ್ ಡೆಸಿಲೀಟರಿಗೆ 50 ನ್ಯಾನೊಗ್ರಾಂಗಿಂತ ಕಡಿಮೆ. ಕೆಲವು ಲ್ಯಾಬ್‌ಗಳು ಮಿಲಿಲೀಟರ್ ಲೆಕ್ಕದಲ್ಲಿ ಕೊಡುತ್ತವೆ, ಅಲ್ಲಿ ಅದೇ ಗುರಿ 0.5 ಆಗುತ್ತದೆ. 0.5 ಎಂದು ನೋಡಿ ಏನೂ ಉಳಿದಿಲ್ಲ ಎಂದು ಗಾಬರಿಯಾಗಬೇಡಿ. ಇನ್ನೊಂದು: ಗ್ರಾಹಿಯಲ್ಲಿ ತಡೆಯುವ ಔಷಧದಲ್ಲಿ ರಕ್ತದ ಅಂಕಿ ಅಷ್ಟಾಗಿ ಇಳಿಯದೆಯೂ ಕೂದಲಿಗೆ ರಕ್ಷಣೆ ಸಿಗುತ್ತಿರಬಹುದು.

ಇನ್ನು ನನ್ನ ಅಚ್ಚುಮೆಚ್ಚಿನ ವಿಷಯ. ಕೂದಲು ಉದುರಿದರೆ ಔಷಧದ ಅಂಗಡಿಯವರು ಮೊದಲು ಕೊಡುವುದು ಬಯೋಟಿನ್ ಎಂಬ ಬಿ ವಿಟಮಿನ್. ದೇಹಕ್ಕೆ ದಿನಕ್ಕೆ ಬೇಕಾದದ್ದು ಸುಮಾರು 30 ಮೈಕ್ರೊಗ್ರಾಂ, ಮಾತ್ರೆಗಳಲ್ಲಿ ಇರುವುದು ಹಲವು ಬಾರಿ 5,000ದಿಂದ 10,000 ಮೈಕ್ರೊಗ್ರಾಂ. ಅನೇಕ ಹಾರ್ಮೋನ್ ಪರೀಕ್ಷೆಗಳು ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನಿನ ಬಿಗಿ ಹಿಡಿತವನ್ನೇ ನಂಬಿ ನಡೆಯುತ್ತವೆ. ರಕ್ತದಲ್ಲಿ ಹೆಚ್ಚುವರಿ ಬಯೋಟಿನ್ ತೇಲುತ್ತಿದ್ದರೆ ಅದು ಆ ಜಾಗವನ್ನೆಲ್ಲ ಆಕ್ರಮಿಸಿ, ಯಂತ್ರಕ್ಕೆ ಬರಬೇಕಾದ ಸಂಕೇತವನ್ನು ಕುಗ್ಗಿಸುತ್ತದೆ.

ಸಂಕೇತ ಕುಗ್ಗಿದಾಗ ಅಂಕಿ ಏರುತ್ತದೋ ಇಳಿಯುತ್ತದೋ ಎಂಬುದು ಪರೀಕ್ಷೆಯ ಬಗೆಯ ಮೇಲೆ ನಿಂತಿದೆ. ಎಲ್‌ಎಚ್, ಟಿಎಸ್‌ಎಚ್‌ನಂತಹ (ಕ್ರಮವಾಗಿ ವೃಷಣ ಮತ್ತು ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನುಗಳು) ದೊಡ್ಡ ಅಣುಗಳನ್ನು ಎರಡು ಪ್ರತಿಕಾಯಗಳ ನಡುವೆ ಹಿಡಿದು ಅಳೆಯುತ್ತಾರೆ. ಅಲ್ಲಿ ಹೆಚ್ಚು ಸಂಕೇತ ಎಂದರೆ ಹೆಚ್ಚು ಹಾರ್ಮೋನ್, ಆದ್ದರಿಂದ ಬಯೋಟಿನ್ ಇದ್ದರೆ ಅಂಕಿ ಸುಳ್ಳಾಗಿ ಇಳಿಯುತ್ತದೆ. ಟೆಸ್ಟೊಸ್ಟೆರಾನ್, ಈಸ್ಟ್ರಾಡಿಯೋಲ್ ಸಣ್ಣ ಅಣುಗಳು, ಅವನ್ನು ಸ್ಪರ್ಧೆಯ ವಿಧಾನದಲ್ಲಿ ಅಳೆಯುತ್ತಾರೆ. ಅಲ್ಲಿ ಹೆಚ್ಚು ಹಾರ್ಮೋನ್ ಇದ್ದರೆ ಸಂಕೇತ ಕಡಿಮೆ. ಬಯೋಟಿನ್ ಸಂಕೇತ ಕುಗ್ಗಿಸಿದ ಕೂಡಲೇ ಯಂತ್ರ ಹಾರ್ಮೋನ್ ಹೆಚ್ಚಿದೆ ಎಂದು ಓದುತ್ತದೆ. ಕೂದಲಿಗೆಂದು ನುಂಗಿದ ಮಾತ್ರೆಯಿಂದ ಟೆಸ್ಟೊಸ್ಟೆರಾನ್ ಸುಳ್ಳಾಗಿ ಏರಿ, ವೈದ್ಯರು ತಡೆಯ ಔಷಧ ಹೆಚ್ಚಿಸುವ ಸಾಧ್ಯತೆ ಹೀಗೆ ಹುಟ್ಟುತ್ತದೆ. ಎಲ್ಲ ಯಂತ್ರಗಳಲ್ಲೂ ಹೀಗಾಗುವುದಿಲ್ಲ. ಆದರೂ ರಕ್ತ ಕೊಡುವ ಎರಡು ಮೂರು ದಿನ ಮೊದಲೇ ಬಯೋಟಿನ್ ಬಿಡಿ, ತೆಗೆದುಕೊಳ್ಳುತ್ತಿರುವುದನ್ನು ಲ್ಯಾಬಿಗೂ ಹೇಳಿ.

ಡಿಎಚ್‌ಟಿಗೆ ಸಂಬಂಧವಿಲ್ಲದ ಉದುರುವಿಕೆ

ಚೌರಿ ಕಟ್ಟುವ ನಮ್ಮವರು ಇದನ್ನು ಓದಲೇಬೇಕು. ಸಮುದಾಯದ ಹಿರಿಯರೊಬ್ಬರು ಜಡೆ ಹೆಣೆಯುವಾಗ ನಾನು ನೋಡುತ್ತಿದ್ದೆ. ಹಣೆಯ ಮೂಲೆಯ ನಾಲ್ಕು ಎಳೆಯನ್ನು ಹಿಂದಕ್ಕೆಳೆದು, ಉದ್ದ ಚೌರಿಯ ಭಾರವನ್ನೆಲ್ಲ ಅದರ ಮೇಲೆ ಬಿಗಿದಿದ್ದರು. ಎಳೆತಕ್ಕೆ ಬುಡದ ಚರ್ಮ ಸಣ್ಣ ಗುಳ್ಳೆಯಂತೆ ಎದ್ದು ನಿಂತಿತ್ತು.

“ಅಮ್ಮ, ಸ್ವಲ್ಪ ಸಡಿಲ ಮಾಡಿ, ಅಲ್ಲೇ ತೆಳುವಾಗುತ್ತಿದೆ” ಎಂದೆ.

“ಸಡಿಲ ಕಟ್ಟಿದರೆ ನಡುಬೀದಿಯಲ್ಲಿ ಬಿದ್ದು ಹೋಗುತ್ತದೆ ಮಗಳೇ, ಆಗ ನೀನು ಹೆಕ್ಕಿಕೊಡುತ್ತೀಯಾ?” ಎಂದರು.

ಅವರ ವಾದಕ್ಕೂ ಬೆಲೆ ಇದೆ. ಆದರೆ ವರ್ಷಗಟ್ಟಲೆ ಎಳೆದ ಜಾಗದಲ್ಲಿ ಕೂದಲು ಶಾಶ್ವತವಾಗಿ ಹೋಗಬಹುದು, ಯಾವ ಹಾರ್ಮೋನೂ ಅದನ್ನು ತಡೆಯುವುದಿಲ್ಲ. ಚೌರಿಯನ್ನು ಹಿಂದಲೆಯ ಗಟ್ಟಿ ಕೂದಲಿಗೆ ಕಟ್ಟುವುದು, ಮನೆಯಲ್ಲಿ ಬಿಚ್ಚಿಡುವುದು ನಡುವಿನ ದಾರಿ.

ಡೆಂಗಿ, ಟೈಫಾಯ್ಡ್ ಜ್ವರ, ತಟ್ಟನೆ ತೂಕ ಇಳಿಸುವುದು, ಕಬ್ಬಿಣದ ಕೊರತೆ, ಥೈರಾಯ್ಡ್ ಏರುಪೇರು, ಇವೆಲ್ಲ ತಲೆತುಂಬಾ ಒಂದೇ ಸಮನೆ ಉದುರಿಸುತ್ತವೆ. ದೇಹದ ಕಬ್ಬಿಣದ ಸಂಗ್ರಹ ತೋರುವ ಫೆರಿಟಿನ್ ಮತ್ತು ಟಿಎಸ್‌ಎಚ್ ನೋಡಿಸಿ. ಕೊಳವೆಬಾವಿಯ ಗಡಸು ನೀರನ್ನು ದೂರುವುದು ನಮ್ಮಲ್ಲಿ ರೂಢಿ. ಅದು ಕೂದಲನ್ನು ಒರಟು ಮಾಡುತ್ತದೆ, ಬುಡದ ಡಿಎಚ್‌ಟಿಯನ್ನು ಮುಟ್ಟುವುದಿಲ್ಲ. ಗರಗದ ಸೊಪ್ಪಿನ ಎಣ್ಣೆಯೂ ರಕ್ತದ ಟೆಸ್ಟೊಸ್ಟೆರಾನ್ ಇಳಿಸುವುದಿಲ್ಲ. ಹಚ್ಚಿಕೊಳ್ಳುವುದಾದರೆ ಹಚ್ಚಿಕೊಳ್ಳಿ, ತಲೆ ತಂಪಾಗಿರುತ್ತದೆ.

ತಲೆಗೆ ಹಚ್ಚುವ ಔಷಧವಾದ ಮಿನಾಕ್ಸಿಡಿಲ್ ಹಾರ್ಮೋನಿನ ದಾರಿಯನ್ನು ಬಳಸದೆ ಬುಡವನ್ನು ನೇರವಾಗಿ ಬೆಳವಣಿಗೆಯ ಹಂತಕ್ಕೆ ತಳ್ಳುತ್ತದೆ, ಆದ್ದರಿಂದ ಹಾರ್ಮೋನಿನ ಜೊತೆ ಬಳಸಬಹುದು. ಮೊದಲ ವಾರಗಳಲ್ಲಿ ವಿಶ್ರಾಂತಿಯಲ್ಲಿದ್ದ ಕೂದಲು ಒಟ್ಟಿಗೆ ಉದುರಬಹುದು, ಅದಕ್ಕೆ ಹೆದರಿ ಬಿಡುವವರಿದ್ದಾರೆ. ಬಿಟ್ಟರೆ ಗಳಿಸಿದ್ದು ಕೆಲವು ತಿಂಗಳಲ್ಲಿ ಹೋಗುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಹಚ್ಚಿದ ತಲೆಯನ್ನು, ದಿಂಬನ್ನು ಅದು ನೆಕ್ಕದಂತೆ ನೋಡಿಕೊಳ್ಳಿ, ಬೆಕ್ಕಿಗೆ ಅದು ವಿಷ.

ನಿಲ್ಲಿಸಿದರೆ

ವೃಷಣಗಳಿದ್ದು ಹಾರ್ಮೋನ್ ನಿಲ್ಲಿಸಿದರೆ ಟೆಸ್ಟೊಸ್ಟೆರಾನ್ ಬಹುತೇಕ ಮರಳುತ್ತದೆ, ವಂಶದ ಬಕ್ಕತನ ನಿಂತಲ್ಲಿಂದ ಮುಂದುವರಿಯುತ್ತದೆ. ಮಾರ್ಗಸೂಚಿಯೂ ಇದನ್ನು ಅಡಿಟಿಪ್ಪಣಿಯಲ್ಲಿ ಹೇಳಿದೆ. ಊರಿಗೆ ಹೋದಾಗ ಮನೆಯವರಿಗೆ ಹೆದರಿ ಎರಡು ತಿಂಗಳು ಬಿಟ್ಟು ಮತ್ತೆ ಶುರು ಮಾಡುವವರು ಕೂದಲಿನ ಪಂಚಾಂಗವನ್ನು ನೆನಪಿಡಬೇಕು: ಬಿಟ್ಟದ್ದರ ಫಲ ಶುರು ಮಾಡಿದ ಮೇಲೆ ಕಾಣುತ್ತದೆ. ವೃಷಣ ತೆಗೆಸಿದವರಿಗೆ ಸಾಮಾನ್ಯವಾಗಿ ಆಂಡ್ರೋಜನ್ ತಡೆ ಬೇಕಿಲ್ಲ, ಈಸ್ಟ್ರಾಡಿಯೋಲ್ ಮೂಳೆಗಾಗಿ ಮುಂದುವರಿಯಬೇಕು. ಅವರಿಗೆ ಶಸ್ತ್ರಚಿಕಿತ್ಸೆಯಾದ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಬರಬಹುದು. ಅದು ಶಸ್ತ್ರಚಿಕಿತ್ಸೆಯ ಆಯಾಸಕ್ಕೆ ಬಂದದ್ದು, ಬಕ್ಕತನವಲ್ಲ, ಸಾಮಾನ್ಯವಾಗಿ ಆರು ತಿಂಗಳಲ್ಲಿ ನಿಲ್ಲುತ್ತದೆ. ಅಲ್ಲಿಗೂ ನಿಲ್ಲದಿದ್ದರೆ ಚರ್ಮವೈದ್ಯರಿಗೆ ತೋರಿಸಿ, ಹೋಗುವಾಗ ಫೆರಿಟಿನ್ ವರದಿ ಮತ್ತು ಆ ಮೂರು ತಿಂಗಳಿಗೊಮ್ಮೆಯ ಫೋಟೊಗಳು ಕೈಯಲ್ಲಿರಲಿ.