ಮಕ್ಕಳ ಫಿಟ್ಸ್‌ಗೆ ಜೀನ್ ಟೆಸ್ಟ್: ಯಾರ ಕಡೆಯಿಂದ ಬಂತು ಅನ್ನೋ ಹಳೇ ಜಗಳ, ಯಾವ ಮಾತ್ರೆ ಬೇಡ ಅನ್ನೋ ಹೊಸ ಉತ್ತರ

ಬೆಂಗಳೂರಲ್ಲಿ ಈಗ ಒಂದು ವರ್ಷದೊಳಗಿನ ಮಗುಗೆ ಪದೇಪದೇ ಫಿಟ್ಸ್ ಬರ್ತಿದೆ, ಮಿದುಳಿನ ಕರೆಂಟ್ ನೋಡೋ ಇಇಜಿ ಆಯ್ತು, ಎಂಆರ್‌ಐ ನಾರ್ಮಲ್ ಬಂತು, ಎರಡು ಔಷಧಿ ಕೊಟ್ರೂ ನಿಲ್ತಿಲ್ಲ ಅಂದ್ರೆ ಮಕ್ಕಳ ನ್ಯೂರಾಲಜಿಸ್ಟ್ ಹೇಳೋ ಮುಂದಿನ ಮಾತು ಸಾಮಾನ್ಯವಾಗಿ 'ಒಂದು ಜೀನ್ ಟೆಸ್ಟ್ ಮಾಡ್ಸೋಣ' ಅಂತ. ಜೀನ್ ಅಂತ ಕಿವಿಗೆ ಬಿದ್ದ ತಕ್ಷಣ ಮನೆಯವರ ತಲೆ ಎಲ್ಲಿಗೆ ಓಡುತ್ತೆ ಅಂತ ಹೇಳ್ಬೇಕಾಗಿಲ್ಲ. ನಿಮ್ಮ ಕಡೆ ಯಾರಿಗಾದ್ರೂ ಇತ್ತಾ, ನಮ್ಮ ವಂಶದಲ್ಲಂತೂ ಇಲ್ಲಪ್ಪ, ಅವಳ ಅಜ್ಜಿಗೆ ಏನೋ ತಲೆ ಸುತ್ತು ಬರ್ತಿತ್ತಂತಲ್ಲ. ಮಗು ಇನ್ನೂ ವಾರ್ಡಲ್ಲಿ ಇರುತ್ತೆ, ಇಲ್ಲಿ ಕಾರಿಡಾರಲ್ಲಿ ಪಂಚಾಯ್ತಿ ಶುರು.

ಈ ಪಂಚಾಯ್ತಿ ಬಹಳ ಹಳೇದು. ಸುಮಾರು 2400 ವರ್ಷದ ಹಿಂದೆ ಗ್ರೀಸಲ್ಲಿ ಹಿಪ್ಪೊಕ್ರೇಟ್ಸ್ ಹೆಸರಲ್ಲಿರೋ ಒಂದು ಗ್ರಂಥ, ಫಿಟ್ಸ್ ದೇವರ ಕೋಪ ಅಲ್ಲ, ಮಿದುಳಿನ ಕಾಯಿಲೆ, ಬೇರೆ ಕಾಯಿಲೆಗಳ ಥರ ವಂಶದಲ್ಲೂ ಬರುತ್ತೆ ಅಂತ ಬರೀತು. ನಮ್ಮ ಚರಕ ಸಂಹಿತೆಯಲ್ಲೂ ಅಪಸ್ಮಾರ ಅಂದ್ರೆ ಔಷಧಿ ಕೊಡ್ಬೇಕಾದ ಕಾಯಿಲೆನೇ. ಆದ್ರೂ ಊರ ಕಡೆ ಕೈಗೆ ಕಬ್ಬಿಣ ಕೊಡೋದು, ಚಪ್ಪಲಿ ಮೂಸಿಸೋದು, ಬರೆ ಎಳೆಯೋದು ಯಾವ್ದೂ ನಿಲ್ಲಲಿಲ್ಲ, ಅದು ಬಿಡಿ, ಅದಕ್ಕಿಂತ ಕೆಟ್ಟದ್ದನ್ನ ಓದಿದವರೇ ಮಾಡಿದ್ರು. 20ನೇ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ಕೆಲವು ರಾಜ್ಯಗಳಲ್ಲಿ ಫಿಟ್ಸ್ ಇರೋರಿಗೆ ಬಲವಂತವಾಗಿ ಸಂತಾನಹರಣ ಆಪರೇಷನ್ ಮಾಡೋಕೆ ಕಾನೂನೇ ಇತ್ತು, 1933ರಲ್ಲಿ ನಾಜಿ ಜರ್ಮನಿ ತಂದ ಕಾನೂನಿನ ಪಟ್ಟಿಯಲ್ಲೂ ಮೂರ್ಛೆ ರೋಗ ಇತ್ತು. ನಮ್ಮಲ್ಲಿ ಅಷ್ಟು ದೂರ ಹೋಗ್ಲಿಲ್ಲ, ಆದ್ರೆ 1976ರ ತಿದ್ದುಪಡಿಯಲ್ಲಿ ಹಿಂದೂ ವಿವಾಹ ಕಾಯ್ದೆಗೆ ಪದೇಪದೇ ಫಿಟ್ಸ್ ಬರೋರು ಮದುವೆಗೆ ಅರ್ಹರಲ್ಲ ಅನ್ನೋ ಅರ್ಥದ ಮಾತು ಸೇರಿಸಿದ್ರು. ಅದನ್ನ ತೆಗೆದಿದ್ದು 1999ರಲ್ಲಿ. ಆ ಸಾಲು ಬರೆಯೋ ಹೊತ್ತಿಗೆ ಫಿಟ್ಸ್‌ಗೆ ಸಂಬಂಧಪಟ್ಟ ಒಂದೇ ಒಂದು ಜೀನ್ ಕೂಡ ಯಾರಿಗೂ ಗೊತ್ತಿರ್ಲಿಲ್ಲ ಅನ್ನೋದನ್ನ ನೆನಪಿಟ್ಕೊಳ್ಳಿ.

ಮೊದಲನೇದು ಸಿಕ್ಕಿದ್ದು 1995ರಲ್ಲಿ. ಆಸ್ಟ್ರೇಲಿಯಾದ ಒಂದು ದೊಡ್ಡ ಕುಟುಂಬ, ತಲೆಮಾರಿಂದ ತಲೆಮಾರಿಗೆ ರಾತ್ರಿ ನಿದ್ದೆಯಲ್ಲೇ ಫಿಟ್ಸ್, ಈ ಥರದ ಫಿಟ್ಸನ್ನ ಕೆಟ್ಟ ಕನಸು ಅಂತ ಅಂದ್ಕೊಳ್ಳೋದೂ ಉಂಟು. ಆ ಮನೆಯವರಲ್ಲಿ ಸಿಎಚ್‌ಆರ್‌ಎನ್‌ಎ4 ಅನ್ನೋ ಜೀನಲ್ಲಿ ದೋಷ ಕಾಣಿಸ್ತು. 1998ರಲ್ಲಿ ಹುಟ್ಟಿದ ಕೆಲವೇ ದಿನಕ್ಕೆ ಫಿಟ್ಸ್ ಬಂದು ಆಮೇಲೆ ತಾನಾಗೇ ಹೋಗೋ ಮಕ್ಕಳಲ್ಲಿ ಕೆಸಿಎನ್‌ಕ್ಯೂ2, ಕೆಸಿಎನ್‌ಕ್ಯೂ3. ಇವೆಲ್ಲ ಏನು ಅಂದ್ರೆ ನರಕೋಶದ ಗೋಡೆಯಲ್ಲಿರೋ ಸಣ್ಣ ಬಾಗಿಲುಗಳನ್ನ ಕಟ್ಟೋ ಜೀನ್‌ಗಳು, ಆ ಬಾಗಿಲಿಂದ ಸೋಡಿಯಂ ಒಳಗೆ ಬರುತ್ತೆ, ಪೊಟ್ಯಾಸಿಯಂ ಹೊರಗೆ ಹೋಗುತ್ತೆ, ಬಾಗಿಲು ಸರಿಯಾಗಿ ತೆಗೆದು ಮುಚ್ಚಲಿಲ್ಲ ಅಂದ್ರೆ ಮಿದುಳಿನ ಕರೆಂಟ್ ಹದ ತಪ್ಪುತ್ತೆ. ಇಲ್ಲಿವರೆಗೂ ಕಥೆ ವಂಶದ್ದೇ, ಕಾರಿಡಾರಿನ ಪಂಚಾಯ್ತಿಯವರು ನೋಡಿ ನಾವು ಹೇಳ್ಲಿಲ್ವಾ ಅನ್ನಬಹುದಿತ್ತು.

ಅದು ತಲೆಕೆಳಗಾಗಿದ್ದು 2001ರಲ್ಲಿ. ಫ್ರಾನ್ಸಿನ ಡಾಕ್ಟರ್ ಶಾರ್ಲೆಟ್ ಡ್ರಾವೆ 1978ರಲ್ಲೇ ಒಂದು ಥರದ ಗಂಭೀರ ಫಿಟ್ಸ್ ಬಗ್ಗೆ ಬರ್ದಿದ್ರು: ಚೆನ್ನಾಗಿ ಆಡ್ಕೊಂಡಿದ್ದ ಮಗುಗೆ ಆರು ತಿಂಗಳ ಆಸುಪಾಸಲ್ಲಿ ಜ್ವರದ ಜೊತೆ ಫಿಟ್ಸ್ ಶುರುವಾಗುತ್ತೆ, ಬಂದ್ರೆ ಅರ್ಧ ಗಂಟೆ ನಿಲ್ಲದೇ ಇರಬಹುದು, ಎರಡು ವರ್ಷ ಆಗೋಷ್ಟರಲ್ಲಿ ಬೆಳವಣಿಗೆನೂ ನಿಧಾನ ಆಗುತ್ತೆ. ಬೆಲ್ಜಿಯಂನವರು ಇಂಥ ಏಳು ಮಕ್ಕಳ ಎಸ್‌ಸಿಎನ್1ಎ ಜೀನ್ ನೋಡಿದ್ರು, ಏಳಕ್ಕೆ ಏಳರಲ್ಲೂ ದೋಷ ಇತ್ತು. ಅಪ್ಪ ಅಮ್ಮಂದಿರ ರಕ್ತ ನೋಡಿದ್ರೆ ಅದು ಅವರಲ್ಲಿ ಇಲ್ಲ! ಅಂದ್ರೆ ಯಾರ ಕಡೆಯಿಂದಲೂ ಬಂದಿದ್ದಲ್ಲ, ಆ ಮಗುವಿನಲ್ಲೇ ಮೊದಲ ಸಲ ಆದ ಬದಲಾವಣೆ. ಚಿಕ್ಕ ವಯಸ್ಸಲ್ಲೇ ಬರೋ ಜೋರು ಫಿಟ್ಸ್‌ಗಳಲ್ಲಿ ಸಿಕ್ಕೋ ಜೀನ್ ದೋಷ ಬಹುಪಾಲು ಹೀಗೆ ಹೊಸದಾಗಿ ಆದದ್ದೇ ಅಂತ ಆಮೇಲಿನ ವರ್ಷಗಳಲ್ಲಿ ಗಟ್ಟಿಯಾಯ್ತು. ನನ್ನ ಕೇಳಿದ್ರೆ ಸೊಸೆಯಂದಿರ ತಲೆ ಮೇಲಿಂದ ಭಾರ ಇಳಿಸಿದ ವಿಜ್ಞಾನದ ಕೆಲಸಗಳಲ್ಲಿ ಇದೂ ಒಂದು, ಸುದ್ದಿ ಎಲ್ಲಾ ಅತ್ತೆಮನೆಗೂ ಇನ್ನೂ ತಲುಪಿಲ್ಲ ಅಷ್ಟೆ.

ಇನ್ನೊಂದು ಆರೋಪಾನೂ ಇದೇ ಜೀನಿಂದ ಸುಳ್ಳಾಯ್ತು. 1970ರ ದಶಕದಲ್ಲಿ ಬ್ರಿಟನ್ನಲ್ಲಿ ಡಿಪಿಟಿ ಲಸಿಕೆಯ ನಾಯಿಕೆಮ್ಮಿನ ಭಾಗದಿಂದ ಮಕ್ಕಳ ಮಿದುಳು ಹಾಳಾಗುತ್ತೆ ಅಂತ ದೊಡ್ಡ ಗಲಾಟೆ ಆಗಿ, ಜನ ಲಸಿಕೆ ಹಾಕ್ಸೋದೇ ಬಿಟ್ರು, ನಾಯಿಕೆಮ್ಮು ವಾಪಸ್ ಬಂತು. 2006ರಲ್ಲಿ ಆಸ್ಟ್ರೇಲಿಯಾದ ಬರ್ಕೋವಿಕ್, ಶೆಫರ್ ತಂಡ, ಲಸಿಕೆಯಿಂದಲೇ ಹೀಗಾಯ್ತು ಅಂತ ಗುರುತಿಸಿದ್ದ 14 ಜನರ ಜೀನ್ ನೋಡ್ತು, 11 ಜನರಲ್ಲಿ ಅದೇ ಎಸ್‌ಸಿಎನ್1ಎ ದೋಷ. ಲಸಿಕೆಯ ಜ್ವರದಿಂದ ಮೊದಲ ಫಿಟ್ಸ್ ಸ್ವಲ್ಪ ಬೇಗ ಬಂದಿರಬಹುದು, ಆದ್ರೆ ಕಾಯಿಲೆ ಮುಂಚೆನೇ ಇತ್ತು.

ಈಗ ನನಗೆ ಮುಖ್ಯ ಅನ್ಸೋ ವಿಷಯಕ್ಕೆ ಬರ್ತೀನಿ. ಹೆಸರು ಗೊತ್ತಾಗಿ ಏನು ಪ್ರಯೋಜನ, ಜೀನ್ ಬದಲಾಯಿಸೋಕಾಗುತ್ತಾ ಅಂತ ಬಹಳ ಜನ ಕೇಳ್ತಾರೆ. ಜೀನ್ ಬದಲಾಗಲ್ಲ, ಮಾತ್ರೆ ಬದಲಾಗುತ್ತೆ. ಫಿಟ್ಸ್‌ಗೆ ಸಾಮಾನ್ಯವಾಗಿ ಬರೆಯೋ ಕಾರ್ಬಮಜೆಪಿನ್, ಫೆನಿಟಾಯಿನ್, ಲಾಮೊಟ್ರಿಜಿನ್ ಇವೆಲ್ಲ ಸೋಡಿಯಂ ಬಾಗಿಲನ್ನ ತಡೆಯೋ ಔಷಧಿಗಳು. ಆ ಫ್ರೆಂಚ್ ಡಾಕ್ಟರ್ ಹೆಸರಲ್ಲೇ ಕರೆಯೋ ಡ್ರಾವೆ ಕಾಯಿಲೆ ಇರೋ ಮಗುವಿನಲ್ಲಿ ಮಿದುಳಿನ ಬ್ರೇಕ್ ಹಾಕೋ ನರಕೋಶಗಳ ಸೋಡಿಯಂ ಬಾಗಿಲೇ ಮೊದಲು ದುರ್ಬಲ, ಅದನ್ನ ಇನ್ನಷ್ಟು ತಡೆದ್ರೆ ಫಿಟ್ಸ್ ಜಾಸ್ತಿ ಆಗುತ್ತೆ. ಅದೇ ಕೆಸಿಎನ್‌ಕ್ಯೂ2 ದೋಷ ಇರೋ ಹಸುಗೂಸಿಗೆ ಅದೇ ಕಾರ್ಬಮಜೆಪಿನ್ ಬಹಳ ಸಲ ಚೆನ್ನಾಗಿ ಕೆಲಸ ಮಾಡುತ್ತೆ. ಪಿಒಎಲ್‌ಜಿ ಅನ್ನೋ ಜೀನ್ ಕೆಟ್ಟಿದ್ರೆ ವಾಲ್‌ಪ್ರೊಯೇಟ್ ಸಿರಪ್ ಲಿವರನ್ನೇ ಹಾಳು ಮಾಡಿಬಿಡಬಹುದು. ಕೆಲವು ಮಕ್ಕಳ ಫಿಟ್ಸ್ ವಿಟಮಿನ್ ಬಿ6ಗೆ ಮಾತ್ರ ನಿಲ್ಲುತ್ತೆ, ಇದು 1954ರಿಂದ ಗೊತ್ತಿದ್ರೂ ಎಎಲ್‌ಡಿಎಚ್7ಎ1 ಅನ್ನೋ ಜೀನ್ ಸಿಕ್ಕಿದ್ದು 2006ರಲ್ಲಿ. ಇನ್ನು ಗ್ಲೂಟ್1 ಅಂತ ಒಂದು, ಮಿದುಳಿಗೆ ಸಕ್ಕರೆ ಅಂಶ ಸಾಗಿಸೋ ದಾರಿನೇ ಸರಿಯಿಲ್ಲ, ಅಲ್ಲಿ ಮಾತ್ರೆಗಿಂತ ಊಟ ಮುಖ್ಯ, ಅನ್ನ ಇಡ್ಲಿ ಬಾಳೆಹಣ್ಣು ಹೆಚ್ಚುಕಮ್ಮಿ ಬಂದ್, ಬೆಣ್ಣೆ ಕೊಬ್ಬರಿಎಣ್ಣೆ ತೂಕ ಮಾಡಿ ಕೊಡೋ ಕೀಟೊ ಡಯಟ್. ಅನ್ನ ಬಿಡಿಸೋ ಕಷ್ಟ ಅಜ್ಜಿಯರಿಗೇ ಗೊತ್ತು.

ನಮ್ಮೂರಿನ ಪಾಲೂ ಇದೆ ಇದ್ರಲ್ಲಿ. ತಲೆ ಮೇಲೆ ಬಿಸಿನೀರು ಹುಯ್ಕೊಂಡಾಗ ಮಾತ್ರ ಬರೋ ಫಿಟ್ಸ್ ಇದೆ, ಪ್ರಪಂಚದಲ್ಲಿ ಅಪರೂಪ, ನಮ್ಮ ದಕ್ಷಿಣ ಕರ್ನಾಟಕದಲ್ಲಿ ಅಷ್ಟೇನೂ ಅಪರೂಪ ಅಲ್ಲ. ಶನಿವಾರ ಎಣ್ಣೆ ಹಚ್ಚಿ, ಹಂಡೆಯಿಂದ ಸುಡೋ ನೀರು ಚೊಂಬಲ್ಲಿ ಮೊಗೆದು ನೆತ್ತಿ ಮೇಲೆ ಒಂದೇ ಸಮ ಹುಯ್ಯೋದು, ಮೂರ್ನಾಲ್ಕು ಚೊಂಬು ಆಗ್ತಿದ್ದ ಹಾಗೆ ಮಗುವಿನ ಕಣ್ಣು ಒಂದೇ ಕಡೆ ನಿಂತುಬಿಡುತ್ತೆ. ಬೆಂಗಳೂರಿನ ಡಾ. ಕೆ.ಎಸ್. ಮಣಿ, ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಇದನ್ನ ವರ್ಷಗಟ್ಟಲೆ ಅಧ್ಯಯನ ಮಾಡಿದ್ರು. ಕೆಲವು ಮನೆಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಇರೋದು ನೋಡಿ ಜಕ್ಕೂರಿನ ಜವಾಹರಲಾಲ್ ನೆಹರು ವಿಜ್ಞಾನ ಕೇಂದ್ರದ ಜೊತೆ ಸೇರಿ ಜೀನ್ ಹುಡುಕಿದ್ರು, 2009ರಲ್ಲಿ 10ನೇ ಮತ್ತು 4ನೇ ಕ್ರೋಮೋಸೋಮಲ್ಲಿ (ಜೀನ್‌ಗಳು ಸಾಲಾಗಿ ಕೂತಿರೋ ಎಳೆ) ಜಾಗ ಗುರುತಿಸಿದ್ರು. ಆದ್ರೆ ಬಿಸಿನೀರಿನ ಫಿಟ್ಸ್ ಅಂತ ಸ್ಪಷ್ಟವಾಗಿರೋ ಮಗುಗೆ ಜೀನ್ ಟೆಸ್ಟ್‌ಗೆ ದುಡ್ಡು ಸುರಿಯೋದ್ರಲ್ಲಿ ಅರ್ಥ ಕಮ್ಮಿ. ನೀರು ಉಗುರುಬೆಚ್ಚಗಿರ್ಲಿ, ತಲೆ ಮೇಲೆ ಜೋರಾಗಿ ಹುಯ್ಯೋದು ಬೇಡ, ಬೇಕಾದ್ರೆ ಡಾಕ್ಟರ್ ತಲೆಸ್ನಾನಕ್ಕೆ ಮುಂಚೆ ಕೊಡೋಕೆ ಕ್ಲೋಬಾಜಾಮ್ ಅನ್ನೋ ಫಿಟ್ಸ್ ಔಷಧಿ ಬರೀತಾರೆ. ಒಂದು ಎಚ್ಚರಿಕೆ ಮಾತ್ರ, ಡ್ರಾವೆ ಮಕ್ಕಳಿಗೂ ಬಿಸಿನೀರ ಸ್ನಾನದಲ್ಲಿ ಫಿಟ್ಸ್ ಬರಬಹುದು, ಹಾಗಾಗಿ ಆರು ತಿಂಗಳ ಕೂಸಿಗೆ ಸ್ನಾನದಲ್ಲಿ ಬಂತು ಅಂದ್ರೆ ಇದೇ ಇರ್ಬೇಕು ಬಿಡಿ ಅಂತ ಮನೇಲೇ ತೀರ್ಮಾನ ಮಾಡ್ಬೇಡಿ.

ಟೆಸ್ಟ್ ಅಂದ್ರೆ ನೇರಳೆ ಮುಚ್ಚಳದ ಟ್ಯೂಬಲ್ಲಿ ಎರಡು ಮೂರು ಎಂಎಲ್ ರಕ್ತ, ಅಷ್ಟೆ. ಮೊದಲೆಲ್ಲ ಒಂದೊಂದೇ ಜೀನ್ ನೋಡ್ತಿದ್ರು, ಈಗ ಎಕ್ಸೋಮ್ ಅಂತ ಸುಮಾರು 20,000 ಜೀನ್‌ಗಳ ಕೆಲಸದ ಭಾಗ ಎಲ್ಲಾ ಒಂದೇ ಸಲ ಓದ್ತಾರೆ, ಬೆಂಗಳೂರಲ್ಲೇ ಮಾಡೋ ಲ್ಯಾಬ್‌ಗಳಿವೆ, ಖರ್ಚು ಸಾವಿರಗಳಲ್ಲಿ, ರಿಪೋರ್ಟ್‌ಗೆ ವಾರಗಳು ಕಾಯ್ಬೇಕು. ಅದಕ್ಕೆ ಮುಂಚೆ ಜೆನೆಟಿಕ್ ಕೌನ್ಸೆಲರ್ ಒಂದು ಹಾಳೆಯಲ್ಲಿ ವಂಶದ ಚಿತ್ರ ಬರೀತಾರೆ, ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ, ಗಂಡಹೆಂಡತಿ ಮಧ್ಯೆ ಒಂದು ಗೆರೆ. ಸೋದರಮಾವನ್ನೋ ಅತ್ತೆ ಮಗನ್ನೋ ಮದುವೆ ಆಗಿದ್ರೆ ಅಲ್ಲಿ ಜೋಡಿ ಗೆರೆ. ಆ ಜೋಡಿ ಗೆರೆ ನಮ್ಮ ಕಡೆ ಹಾಳೆಗಳಲ್ಲಿ ತುಂಬಾನೇ ಇರುತ್ತೆ. ಇಬ್ಬರಲ್ಲೂ ಸುಮ್ಮನೆ ಕೂತಿರೋ ಒಂದೇ ದೋಷ ಮಗುವಿನಲ್ಲಿ ಜೊತೆಯಾದ್ರೆ ಬರೋ ಕಾಯಿಲೆಗಳಿವೆ, ಬಿ6 ಕಾಯಿಲೆ ಅಂಥದ್ದೇ, ಅಲ್ಲಿ ಮುಂದಿನ ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಹೊಸದಾಗಿ ಆದ ದೋಷ ಆದ್ರೆ ಎರಡನೇ ಮಗುಗೆ ಸಾಧ್ಯತೆ ಬಹಳ ಕಮ್ಮಿ. ಅದಕ್ಕೇ ಅಪ್ಪ ಅಮ್ಮ ಮಗು ಮೂವರದ್ದೂ ಸೇರಿಸಿ ಕಳ್ಸಿ ಅನ್ನೋದು, ಲ್ಯಾಬ್ ದುಡ್ಡು ಮಾಡೋಕೆ ಅಲ್ಲ.

ಆದ್ರೆ ಟೆಸ್ಟ್ ಮಾಡ್ಸಿದೋರಿಗೆಲ್ಲ ಉತ್ತರ ಸಿಗಲ್ಲ, ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಏನೂ ಸಿಗದೇ ಇರಬಹುದು, ಇಲ್ಲಾಂದ್ರೆ 'ಬದಲಾವಣೆ ಇದೆ, ಅರ್ಥ ಗೊತ್ತಿಲ್ಲ' ಅಂತ ಬರುತ್ತೆ, ರಿಪೋರ್ಟಲ್ಲಿ ವಿಯುಎಸ್ ಅಂತ ಹಾಕಿರ್ತಾರೆ. ಅದನ್ನ ನೋಡಿ ಗೂಗಲ್ ಮಾಡಿ ರಾತ್ರಿಯೆಲ್ಲ ನಿದ್ದೆಗೆಡೋ ಅಪ್ಪಂದಿರಿದ್ದಾರೆ. ಇದಕ್ಕೆ ಒಂದು ಕಾರಣ, ಹೋಲಿಸಿ ನೋಡೋಕೆ ಇದ್ದ ಪಟ್ಟಿಗಳಲ್ಲಿ ಯುರೋಪಿನವರೇ ಜಾಸ್ತಿ, ನಮ್ಮ ಒಂದು ಸಮುದಾಯದಲ್ಲಿ ಮಾಮೂಲಿಯಾಗಿರೋ ಬದಲಾವಣೆ ಅಲ್ಲಿ ವಿಚಿತ್ರವಾಗಿ ಕಾಣುತ್ತೆ. ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆಯಲ್ಲಿ ಸುಮಾರು 10,000 ಭಾರತೀಯರ ಜೀನೋಮ್, ಅಂದ್ರೆ ಒಬ್ಬೊಬ್ಬರ ಪೂರ್ತಿ ಡಿಎನ್‌ಎ, ಓದಿ, 2025ರ ಜನವರಿಯಲ್ಲಿ ಆ ಮಾಹಿತಿನ ಸಂಶೋಧಕರಿಗೆ ತೆರೆದಿದ್ದಾರೆ. ಹಾಗಾಗಿ ಎರಡು ಮೂರು ವರ್ಷದ ಹಿಂದೆ ವಿಯುಎಸ್ ಅಂತ ಬಂದಿದ್ರೆ ಅದೇ ಡೇಟಾನ ಇನ್ನೊಂದ್ಸಲ ನೋಡಿ ಹೇಳಿ ಅಂತ ಡಾಕ್ಟರ್ ಮೂಲಕ ಲ್ಯಾಬನ್ನ ಕೇಳಿ, ಮತ್ತೆ ಸೂಜಿ ಚುಚ್ಚಬೇಕಾಗಿಲ್ಲ.